ಕಿಯಾಂತಿಯಲ್ಲಿ ‘ಪ್ರೈವೇಟ್’ ವೈನ್ ಟೂರ್ ಬುಕ್ ಮಾಡುವ ಮೊದಲು ನಮ್ಮ ಕಥೆ ಕೇಳಿ

ಇಟಲಿಯ ಫ್ಲಾರೆನ್ಸ್‌ನಿಂದ ಹತ್ತಿರದ ಕಿಯಾಂತಿ ಗುಡ್ಡಗಾಡಿಗೆ ಒಂದು ದಿನದ ‘ಪ್ರೈವೇಟ್ ವೈನ್ ಟೂರ್’ ಅಂತ ನಾವು ನಾಲ್ಕು ಜನ 640 ಯೂರೊ ಕೊಟ್ಟೆವು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 60 ಸಾವಿರ ರೂಪಾಯಿ. ಅಷ್ಟು ಕೊಟ್ಟು ನೋಡಿದ್ದು ರಸ್ತೆ ಪಕ್ಕದ ಒಂದು ಅಂಗಡಿ, ತೆರೆಯದ ಒಂದು ಗೇಟು, ಕುಡಿದು ಗಾಡಿ ಓಡಿಸುವ ಒಬ್ಬ ಡ್ರೈವರ್. ವಾಪಸ್ ಬಂದಿದ್ದು ಊರವರು ಓಡಾಡುವ ಬಸ್ಸಿನಲ್ಲಿ. ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ನೋಡಿಕೊಂಡು ಅವರನ್ನು ಬಿಟ್ಟು ಇನ್ನೊಬ್ಬರ ಬಲೆಗೆ ಬೀಳುವುದಕ್ಕಿಂತ, ಬಲೆ ಹೇಗಿರುತ್ತೆ ಅಂತ ಗೊತ್ತಾಗುವುದು ಮುಖ್ಯ.

2024ರ ಸೆಪ್ಟೆಂಬರ್. ನಮ್ಮ ಮದುವೆಯಾಗಿ 25 ವರ್ಷ. ತಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. “ಅಕ್ಕ, ನೀನು ಭಾವ ಬನ್ನಿ, ನಾಲ್ಕೂ ಜನ ಇಟಲಿಗೆ ಹೋಗೋಣ” ಅಂದ. ವೈನ್ ಅನ್ನುವ ಪದವನ್ನು ನಮ್ಮ ಮನೆಯಲ್ಲಿ ಇವತ್ತಿಗೂ ದನಿ ತಗ್ಗಿಸಿಯೇ ಹೇಳುತ್ತೇವೆ. ಅತ್ತೆಗೆ “ದ್ರಾಕ್ಷಿ ತೋಟ ನೋಡಲು ಹೋಗ್ತಿದ್ದೀವಿ” ಅಂತ ಹೇಳಿ ಹೊರಟೆವು. ಕೊನೆಗೆ ಅದೂ ಸುಳ್ಳಾಯಿತು, ಬಿಡಿ.

ಫೋನಿನಲ್ಲಿ ಬಂದ ಒಂದು ಜಾಹೀರಾತು ನೋಡಿ ಬುಕ್ ಮಾಡಿದ್ದು ನಾನೇ. ನಮಗೆ ಮಾತ್ರ ಒಂದು ಗಾಡಿ, ಇಂಗ್ಲಿಷ್ ಬಲ್ಲ ಡ್ರೈವರ್, ಎರಡು ವೈನರಿ (ದ್ರಾಕ್ಷಿ ಬೆಳೆದು ವೈನ್ ಮಾಡುವ ಜಾಗ), ತೋಟದ ಮನೆಯಲ್ಲಿ ಊಟ, ಬೆಟ್ಟದ ಮೇಲಿನ ಒಂದು ಹಳೆಯ ಊರು, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ. ವಾಟ್ಸಾಪಿನಲ್ಲಿ ತುಂಬ ಮರ್ಯಾದೆಯಿಂದ ಮಾತಾಡಿದರು. ಯಾವ ವೈನರಿ ಅಂತ ನಾನು ಕೇಳಿದೆ. “ಅದು ಸರ್‌ಪ್ರೈಸ್ ಇರಲಿ, ಆ ದಿನ ಯಾವುದು ಚೆನ್ನಾಗಿದೆಯೋ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ” ಅಂದರು. ನನಗೂ ಅದು ಚೆನ್ನಾಗಿಯೇ ಕೇಳಿಸಿತು. ಸೀರೆ ಅಂಗಡಿಯಲ್ಲಿ ಹೀಗೆ ಹೇಳಿದರೆ ನಾನು ಎದ್ದು ಬರುತ್ತಿದ್ದೆ. ಮುಖ ನೋಡದ ಜನರ ಮಾತಿಗೆ ಹೇಗೆ ತಲೆ ಆಡಿಸಿದೆನೋ ಗೊತ್ತಿಲ್ಲ.

ದುಡ್ಡಿನ ವಿಷಯದಲ್ಲೂ ಹಾಗೇ. ಕಾರ್ಡಿನಲ್ಲಿ ಕಟ್ಟಿದರೆ ಶೇ. 5 ಜಾಸ್ತಿ, ಬ್ಯಾಂಕಿಗೆ ನೇರ ಹಾಕಿದರೆ ಇಲ್ಲ ಅಂದರು. ಆ 5 ಪರ್ಸೆಂಟ್ ಉಳಿಸಲು ತಮ್ಮನ ಜರ್ಮನಿ ಖಾತೆಯಿಂದ 320 ಯೂರೊ ಕಳಿಸಿದೆವು. ಉಳಿದ 320 ಆ ದಿನ ಬೆಳಿಗ್ಗೆ ನಗದು. ಹೊಟ್ಟೆ ಉರಿಯುವುದು ಇಲ್ಲಿಯೇ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ತಕರಾರು ಹಾಕಲು ಒಂದು ದಾರಿಯಾದರೂ ಇರುತ್ತಿತ್ತು. ನಾವಾಗಿ ಕಳಿಸಿದ ದುಡ್ಡನ್ನು ವಾಪಸ್ ತರಿಸಲು ಆಗುವುದಿಲ್ಲ ಅಂತ ಬ್ಯಾಂಕಿನವರು ಕೈ ಎತ್ತಿದರು. ನಗದಿಗಂತೂ ರಸೀದಿಯೇ ಇಲ್ಲ. ಕೇಳಿದ್ದಕ್ಕೆ ಡ್ರೈವರ್ “ಸಂಜೆ ಕೊಡ್ತೀನಿ” ಅಂದಿದ್ದ.

ಹೋಟೆಲಿಗೆ ಬಂದು ಕರೆದುಕೊಂಡು ಹೋಗುತ್ತೇವೆ ಅಂದಿದ್ದವರು ಹಿಂದಿನ ರಾತ್ರಿ ಮೆಸೇಜ್ ಹಾಕಿದರು, ಸಾಂತಾ ಮಾರಿಯಾ ನೊವೆಲ್ಲಾ ರೈಲು ನಿಲ್ದಾಣದ ಹತ್ತಿರ ಬನ್ನಿ ಅಂತ. ಕಾರಣ, ಫ್ಲಾರೆನ್ಸ್‌ನ ಹಳೆಯ ಪೇಟೆಯೊಳಗೆ ಗಾಡಿಗಳಿಗೆ ನಿರ್ಬಂಧ. ಅದು ನಿಜವೇ. ಅದಕ್ಕೆ ಜೆಡ್‌ಟಿಎಲ್ ಅನ್ನುತ್ತಾರೆ. ಅನುಮತಿ ಇಲ್ಲದ ಗಾಡಿ ಒಳಗೆ ಹೋದರೆ ಕ್ಯಾಮೆರಾ ನಂಬರ್ ಹಿಡಿದು ಮನೆಗೆ ದಂಡ ಕಳಿಸುತ್ತದೆ. ಆದರೆ ಪರವಾನಗಿ ಇರುವ ಬಾಡಿಗೆ ಗಾಡಿಗಳು ಮೊದಲೇ ತಿಳಿಸಿ ಒಳಗೆ ಬರಬಹುದು ಅಂತ ನಮ್ಮ ಹೋಟೆಲಿನ ಹುಡುಗಿ ಆಮೇಲೆ ಹೇಳಿದಳು. ಅಂಥ ಗಾಡಿಗೆ ಹಿಂದೆ ಎನ್‌ಸಿಸಿ ಅಂತ ಬರೆದ, ಊರಿನ ಹೆಸರು ಮತ್ತು ನಂಬರ್ ಇರುವ ಸಣ್ಣ ಫಲಕ ಇರುತ್ತದೆ. ನಮ್ಮ ಕಾಲೇಜಿನ ಎನ್‌ಸಿಸಿ ಅಲ್ಲ. ಡ್ರೈವರ್ ಸಮೇತ ಬಾಡಿಗೆಗೆ ಅನ್ನುವುದಕ್ಕೆ ಇಟಾಲಿಯನ್‌ನಲ್ಲಿ ಇರುವ ಹೆಸರಿನ ಮೂರು ಅಕ್ಷರ. ನಮಗೆ ಬಂದ ವ್ಯಾನಿನ ಫೋಟೊ ಇದೆ. ಹಿಂದೆ ಅಂಥ ಫಲಕ ಇಲ್ಲ, ಮುಂದೆಯೂ ಇಲ್ಲ. ಆ ಬೆಳಿಗ್ಗೆ ನಾನು ಫೋಟೊ ತೆಗೆದಿದ್ದು ಮಾತ್ರ ಖುಷಿಗೆ.

9ಕ್ಕೆ ಬರಬೇಕಾದ ವ್ಯಾನು ಬಂದಿದ್ದು 9.50ಕ್ಕೆ. ಬಾಗಿಲು ತೆಗೆದರೆ ಒಳಗೆ ಆಗಲೇ ಇಬ್ಬರು ಕೂತಿದ್ದಾರೆ! ಬ್ರೆಜಿಲ್‌ನ ಗಂಡ ಹೆಂಡತಿ. ಪಾಪ, ಅವರಿಗೂ ನಮ್ಮನ್ನು ನೋಡಿ ಅಚ್ಚರಿಯೇನೂ ಆಗಲಿಲ್ಲ. ಅವರಿಗೆ ಮಾರಿದ್ದು ‘ಸಣ್ಣ ಗುಂಪಿನ ಟೂರ್’, ತಲಾ 95 ಯೂರೊ. ನಾವು ಕೊಟ್ಟಿದ್ದು ತಲಾ 160. ಡ್ರೈವರನ್ನು ಕೇಳಿದರೆ “ನಾನು ಬರೀ ಡ್ರೈವರ್, ಆಫೀಸಿಗೆ ಫೋನ್ ಮಾಡಿ” ಅಂದ. ಆಫೀಸು ಫೋನ್ ಎತ್ತಲಿಲ್ಲ. ನಗದನ್ನು ಮಾತ್ರ ಎಣಿಸಿಕೊಂಡ. ಅಲ್ಲೇ ಇಳಿದುಬಿಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ರೇಷ್ಮೆ ಕುರ್ತಾ ಹಾಕಿಕೊಂಡು, ವಾರ್ಷಿಕೋತ್ಸವ ಅಂತ ಹೊರಟವರು ಜಗಳ ಆಡುತ್ತಾ ಫುಟ್‌ಪಾತಿನಲ್ಲಿ ನಿಲ್ಲುವುದು ಹೇಗೆ? “ಹೋಗ್ಲಿ ಬಿಡೇ” ಅಂದರು ನಮ್ಮವರು. ಹತ್ತಿದೆವು.

ಫ್ಲಾರೆನ್ಸ್ ಮತ್ತು ಸಿಯೆನಾ ಊರುಗಳ ನಡುವಿನ ಗುಡ್ಡಗಾಡು ಕಿಯಾಂತಿ. ಅದರ ಮಧ್ಯೆ ಹಾದು ಹೋಗುವ ಹಳೆಯ ರಸ್ತೆ ಕಿಯಾಂತಿಜಾನಾ. ಜಾಹೀರಾತಿನ ಚಿತ್ರಗಳೆಲ್ಲ ಆ ರಸ್ತೆಯವು. ನಮ್ಮ ಡ್ರೈವರ್ ಹಿಡಿದಿದ್ದು ಸಿಯೆನಾ ಕಡೆಯ ನಾಲ್ಕು ಪಥದ ರಸ್ತೆ. ಮುಕ್ಕಾಲು ಗಂಟೆ ಲಾರಿಗಳ ಬೆನ್ನು ನೋಡಿದೆವು. ಆಮೇಲೆ ಇಳಿದು ತಿರುಗಿ, ದೊಡ್ಡ ಪಾರ್ಕಿಂಗ್ ಇರುವ ಒಂದು ಕಟ್ಟಡದ ಮುಂದೆ ನಿಲ್ಲಿಸಿದ. “ಇದೇ ಮೊದಲ ವೈನರಿ.”

ಸುತ್ತ ಒಂದು ದ್ರಾಕ್ಷಿ ಬಳ್ಳಿ ಇಲ್ಲ. ಒಳಗೆ ಉದ್ದ ಮೇಜು, ಗೋಡೆ ತುಂಬ ಬಾಟಲಿ, ಮೂಲೆಯಲ್ಲಿ ಮರದ ಎರಡು ಪೀಪಾಯಿ. ತಮ್ಮ ಒಂದನ್ನು ಬೆರಳಿನಿಂದ ತಟ್ಟಿ ನೋಡಿದ. ಖಾಲಿ. ನೆಲಮಾಳಿಗೆ ನೋಡಬಹುದಾ ಅಂದರೆ ರಿಪೇರಿ ನಡೀತಿದೆ ಅಂದರು. ನಾಲ್ಕು ಬಗೆಯ ವೈನ್ ಕೊಟ್ಟರು, ಒಂದೊಂದೂ ತೀರ್ಥ ಕೊಟ್ಟಷ್ಟು. ಯಾವ ದ್ರಾಕ್ಷಿ, ಯಾವ ಗುಡ್ಡ, ಯಾವ ವರ್ಷ, ಏನೂ ಹೇಳಲಿಲ್ಲ. ಮೂರನೆಯದು ಮುಗಿಯುವ ಮೊದಲೇ ಆರ್ಡರ್ ಫಾರಂ ಬಂತು. ಆರು ಬಾಟಲಿ ತೆಗೆದುಕೊಂಡರೆ ಬೆಂಗಳೂರಿಗೇ ಕಳಿಸುತ್ತಾರಂತೆ.

ಇದಕ್ಕೆ ಮಾತ್ರ ಯಾರೂ ಒಪ್ಪಬೇಡಿ. ಆಗ ಭಾರತಕ್ಕೆ ತರುವ ವೈನ್ ಮೇಲೆ ಸುಂಕವೇ ಶೇ. 150 ಇತ್ತು. ಅದರ ಮೇಲೆ ರಾಜ್ಯದ ಅಬಕಾರಿ ತಲೆನೋವು ಬೇರೆ. ಇಷ್ಟವಾದ ವೈನ್ ಸಿಕ್ಕಿದರೆ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತನ್ನಿ. ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ. 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತವೆ.

ನಾವು ಬೇಡ ಅಂದ ಮೇಲೆ ಅಂಗಡಿಯ ಹೆಂಗಸು ತಮ್ಮನ ಕಡೆ ತಿರುಗಿದಳು. ಅವನಿಗೆ ಸಂಕೋಚದ ಸ್ವಭಾವ. ‘ರಿಸರ್ವಾ’ (ಹೆಚ್ಚು ಕಾಲ ಇಟ್ಟು ಮಾಗಿಸಿದ ವೈನ್) ಅಂತ ಬರೆದಿದ್ದ ಮೂರು ಬಾಟಲಿ ಕೊಂಡ, ಒಂದಕ್ಕೆ 38 ಯೂರೊ. ಡ್ರೈವರ್ ಬಾಗಿಲ ಹತ್ತಿರ ನಿಂತು ನಮ್ಮ ಕೈಚೀಲ ಎಣಿಸುತ್ತಿದ್ದ. ಇಲ್ಲಿಗೇ ಯಾಕೆ ಕರೆದುಕೊಂಡು ಬಂದ ಅಂತ ಆಗ ಅರ್ಥವಾಯಿತು. ಮೈಸೂರಿನಲ್ಲಿ ಆಟೋದವರು “ಒಂದ್ ನಿಮಿಷ ಸಿಲ್ಕ್ ಫ್ಯಾಕ್ಟರಿ ನೋಡಿ ಸಾರ್” ಅನ್ನುತ್ತಾರಲ್ಲ, ಅದೇ ಇದು.

ತೋಟದ ಮನೆಯ ಊಟವೂ ಅದೇ ಅಂಗಡಿಯ ಹಿಂಭಾಗದಲ್ಲಿ. ನಾವು ಸಸ್ಯಾಹಾರಿಗಳು ಅಂತ ಎರಡು ಸಲ ಬರೆದು ತಿಳಿಸಿದ್ದೆ. ಬಂದಿದ್ದು ತೆಳ್ಳಗೆ ಕತ್ತರಿಸಿದ ಹಂದಿ ಮಾಂಸದ ತಟ್ಟೆ. ಇದು ಬೇಡ ಅಂದಾಗ ಮಾಂಸ ಎತ್ತಿ, ಅದೇ ತಟ್ಟೆಯಲ್ಲಿ ಉಳಿದ ಚೀಸು ಬ್ರೆಡ್ಡನ್ನು ವಾಪಸ್ ಇಟ್ಟರು. ನಮ್ಮವರು ಇಡೀ ಮಧ್ಯಾಹ್ನ ನೀರು ಕುಡಿದರು. ಬ್ರೆಡ್ಡಿಗೆ ಉಪ್ಪೇ ಇಲ್ಲ ಅಂತಲೂ ನಾನು ಬೈದಿದ್ದೆ. ಅದು ಅವರ ತಪ್ಪಲ್ಲ. ಟಸ್ಕನಿ ಅನ್ನುವ ಆ ಪ್ರಾಂತ್ಯದ ಬ್ರೆಡ್ಡೇ ಹಾಗೆ, ಉಪ್ಪಿಲ್ಲದೆ ಮಾಡುತ್ತಾರೆ. ಬೈಗುಳದಲ್ಲಿ ಅಷ್ಟನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅಂದ ಹಾಗೆ ಅಲ್ಲಿನ ಪೆಕೊರೀನೊ ಅನ್ನುವ ಕುರಿ ಹಾಲಿನ ಚೀಸಿಗೆ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರು ಕೇಳಿ ತಿನ್ನಿ.

ಊಟದ ಹೊತ್ತಿನಲ್ಲಿ ಡ್ರೈವರ್ ಪಕ್ಕದ ಮೇಜಿನಲ್ಲಿ ಅಂಗಡಿಯವರ ಜೊತೆ ಕೂತಿದ್ದ. ತಮ್ಮನ ಹೆಂಡತಿ ನನ್ನ ಮೊಣಕೈ ತಿವಿದಳು. “ಅತ್ತಿಗೆ, ಅದು ಎರಡನೇ ಗ್ಲಾಸು.” ಇಟಲಿಯಲ್ಲಿ ಸಾಮಾನ್ಯ ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಓಡಿಸುವವರಿಗೆ ಸೊನ್ನೆ. ಒಂದು ಗುಟುಕೂ ಇಲ್ಲ. ತಮ್ಮ ಇದನ್ನು ಹೇಳಿದ್ದಕ್ಕೆ ಅವನು ನಕ್ಕ. “ನಾನು ಇಟಾಲಿಯನ್, ನನಗೆ ಇದು ನೀರು” ಅಂದ.

ಆದರೂ ಹತ್ತಿದೆವು. ಈ ಸಲ ಬೇರೆ ದಾರಿ ಇರಲಿಲ್ಲ. ಸುತ್ತ ಒಂದು ಬಸ್ ಸ್ಟಾಪೂ ಕಾಣಲಿಲ್ಲ. ಗುಡ್ಡದ ತಿರುವುಗಳಲ್ಲಿ ನಾನು ಮನಸ್ಸಿನಲ್ಲೇ ಧರ್ಮಸ್ಥಳಕ್ಕೆ ಹರಕೆ ಹೊತ್ತೆ. ಎರಡನೇ ವೈನರಿ ಮಾತ್ರ ನಿಜವಾದ ವೈನರಿ. ಕೊಯ್ಲಿನ ಕಾಲ, ಟ್ರ್ಯಾಕ್ಟರ್ ತುಂಬ ಕಪ್ಪು ದ್ರಾಕ್ಷಿ ಬರುತ್ತಿತ್ತು, ಗಾಳಿಯಲ್ಲೇ ಹುಳಿ ವಾಸನೆ. ಗೇಟಿನ ಹತ್ತಿರ ಬಂದ ಹೆಂಗಸು ಪಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಆ ಹೆಸರಿನಲ್ಲಿ ಬುಕಿಂಗೇ ಇಲ್ಲ. ಕೊಯ್ಲಿನ ವಾರ, ಹೇಳದೇ ಬಂದವರನ್ನು ಒಳಗೆ ಬಿಡಲು ಆಗುವುದಿಲ್ಲ. ಅವರು ಗಟ್ಟಿಯಾಗಿ ಮಾತಾಡಲಿಲ್ಲ, ನಮಗಿಂತ ಅವರಿಗೇ ಬೇಜಾರಾದಂತಿತ್ತು. “ಒಂದು ಇಮೇಲ್ ಹಾಕಿದ್ದರೆ ನಾವೇ ಸಮಯ ಕೊಡುತ್ತಿದ್ದೆವಲ್ಲ” ಅಂದರು.

ಗುಟ್ಟು ಇಷ್ಟೇ ನೋಡಿ. ಕಿಯಾಂತಿಯ ಹೆಚ್ಚಿನ ವೈನರಿಗಳು ನೇರವಾಗಿ ಬರೆದರೆ ಟೇಸ್ಟಿಂಗಿಗೆ, ಅಂದರೆ ವೈನ್ ರುಚಿ ನೋಡಲು, ಸಮಯ ಕೊಡುತ್ತವೆ. ಅಂದರೆ ಟೂರಿನವರು ನಿಜವಾಗಿ ಬುಕ್ ಮಾಡಿದ್ದರೆ ಅವರ ಹತ್ತಿರ ಒಂದು ಹೆಸರು, ಒಂದು ಗಂಟೆ ಇರಲೇಬೇಕು. ಹೆಸರು ಹೇಳದವರ ಹತ್ತಿರ ಬುಕಿಂಗ್ ಇಲ್ಲ. ಹೆಸರು ಕೇಳಿ, ಸಿಕ್ಕಿದ ಮೇಲೆ ಆ ವೈನರಿಗೆ ನೀವೇ ಎರಡು ಸಾಲು ಬರೆದು ಖಚಿತ ಮಾಡಿಕೊಳ್ಳಿ. ನಾನು ಇದೊಂದು ಮಾಡಿದ್ದರೆ 640 ಯೂರೊ ಉಳಿಯುತ್ತಿತ್ತು. ವ್ಯಾನು, ಫಲಕ, ಊಟ ಎಲ್ಲ ಆಮೇಲಿನ ಮಾತು.

ಹತ್ತಿರದ ಗ್ರೇವೆ ಊರಿನಲ್ಲಿ ‘ಕಾಫಿಗೆ ನಿಲ್ಲಿಸಿ’ ಅಂತ ನಿಲ್ಲಿಸಿ, ಇಳಿದೆವು. ಮತ್ತೆ ಹತ್ತಲಿಲ್ಲ. ಬ್ರೆಜಿಲ್ ದಂಪತಿಯೂ ನಮ್ಮ ಹಿಂದೆಯೇ ಇಳಿದರು. ಡ್ರೈವರ್ ಐದು ನಿಮಿಷ ಕೂಗಾಡಿ ಹೋದ. ಗ್ರೇವೆಯ ಚೌಕ ಮೂರು ಮೂಲೆಯದು, ಸುತ್ತ ಕಮಾನಿನ ಜಗಲಿ, ಮಧ್ಯೆ ವೆರಾಜಾನೊ ಅನ್ನುವ ನಾವಿಕನ ಪ್ರತಿಮೆ. ಅವನ ಕಾಲ ಬುಡದಲ್ಲಿ ಆರು ಜನ ಐಸ್‌ಕ್ರೀಂ ತಿಂದೆವು. ಫ್ಲಾರೆನ್ಸ್ ಬರೀ 30 ಕಿಲೋಮೀಟರ್, ಬಸ್ಸಿಗೆ ಸುಮಾರು ಒಂದು ಗಂಟೆ. ಆ ಬಸ್ಸು ಹೋಗಿದ್ದು ಕಿಯಾಂತಿಜಾನಾ ರಸ್ತೆಯಲ್ಲೇ! ಜಾಹೀರಾತಿನ ಚಿತ್ರಗಳೆಲ್ಲ ಕಿಟಕಿಯ ಆಚೆ ಒಂದೊಂದಾಗಿ ಬಂದವು. ಭಾನುವಾರ ಬಸ್ಸು ಕಡಿಮೆ, ಸಮಯ ನೋಡಿಕೊಳ್ಳಿ.

ರಾತ್ರಿ ಹೋಟೆಲಿನಲ್ಲಿ ತಮ್ಮ ಆ ಬಾಟಲಿ ತಿರುಗಿಸಿ ಓದಿದ. ‘ಇಂಬೊತ್ತಿಲ್ಯಾತೊ ದಾ’ ಅಂತ ಬರೆದು ಬೇರೆಲ್ಲಿಯದೋ ಊರಿನ ಹೆಸರು. ಅಂದರೆ ಇವರು ತುಂಬಿಸಿದ್ದು ಅಂತ ಮಾತ್ರ. ಬೆಳೆದವರೇ ತುಂಬಿಸಿದ್ದರೆ ‘ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ’ ಅಂತ ಇರುತ್ತದೆ. ಕುತ್ತಿಗೆಯ ಮೇಲೆ ಕಪ್ಪು ಹುಂಜದ ಮುದ್ರೆಯೂ ಇರಲಿಲ್ಲ. ಆ ಹುಂಜ ಕಿಯಾಂತಿ ಕ್ಲಾಸಿಕೊ ವೈನಿನ ಗುರುತು. ಬರೀ ‘ಕಿಯಾಂತಿ’ ಅನ್ನುವುದು ಟಸ್ಕನಿಯ ತುಂಬ ದೊಡ್ಡ ಭಾಗಕ್ಕೆ ಸೇರಿದ ಇನ್ನೊಂದು ಹೆಸರು. ಕ್ಲಾಸಿಕೊ ಮಾತ್ರ ನಡುವಿನ ಹಳೆಯ ಸೀಮೆಯದು. 1716ರಷ್ಟು ಹಿಂದೆಯೇ ಟಸ್ಕನಿಯನ್ನು ಆಳುತ್ತಿದ್ದ ಮೆಡಿಚಿ ಮನೆತನದ ದೊರೆ ಮೂರನೇ ಕೊಸಿಮೊ ಕಿಯಾಂತಿಗೆ ಗಡಿ ಗೊತ್ತು ಮಾಡಿದ್ದ. ಬರೀ ಕಿಯಾಂತಿ ಕೆಟ್ಟದ್ದು ಅಂತಲ್ಲ. ನಮಗೆ ಹೇಳಿದ್ದೇ ಬೇರೆ, ಕೊಟ್ಟಿದ್ದೇ ಬೇರೆ. ಫ್ಲಾರೆನ್ಸ್‌ನ ಸೂಪರ್‌ಮಾರ್ಕೆಟಿನಲ್ಲಿ ಹುಂಜದ ಮುದ್ರೆಯ ರಿಸರ್ವಾ 17 ಯೂರೊಗೆ ಇತ್ತು. “ಎರಡೂ ಬೇರೆ ವೈನ್, ಹೋಲಿಸಬಾರದು” ಅಂತ ತಮ್ಮ ಈಗಲೂ ವಾದಿಸುತ್ತಾನೆ. ದುಡ್ಡು ಕೊಟ್ಟವನು ಅವನು, ನಾನು ಸುಮ್ಮನಿರುತ್ತೇನೆ.

ಒಂದು ದಿನ ಉಳಿದಿತ್ತು. ಗ್ರೇವೆಯಿಂದ ನಡೆದೇ ಹೋಗುವಷ್ಟು ಹತ್ತಿರದ ಒಂದು ಸಣ್ಣ ವೈನರಿಗೆ ಆ ರಾತ್ರಿಯೇ ಬರೆದೆವು. ಬೆಳಿಗ್ಗೆ ಉತ್ತರ ಬಂತು. ತಲಾ 30 ಯೂರೊ, ಐದು ವೈನ್, ನೆಲಮಾಳಿಗೆ, ತೋಟ. ಕಾರ್ಡ್ ತೆಗೆದುಕೊಂಡರು, ರಸೀದಿ ಕೊಟ್ಟರು. ಮನೆಯ ಮಗಳೇ ಸುತ್ತಾಡಿಸಿದಳು. ಕ್ಲಾಸಿಕೊದಲ್ಲಿ ಶೇ. 80 ಆದರೂ ಸಾಂಜೊವೇಜೆ ದ್ರಾಕ್ಷಿ ಇರಬೇಕು, ರಿಸರ್ವಾ ಅಂದರೆ 24 ತಿಂಗಳು ಇಟ್ಟಿರಬೇಕು ಅಂತೆಲ್ಲ ಹೇಳಿದಳು. ಹುಂಜದ ಕಥೆಯನ್ನೂ ಹೇಳಿದಳು. ಫ್ಲಾರೆನ್ಸ್ ಮತ್ತು ಸಿಯೆನಾ ಗಡಿಗಾಗಿ ಕಿತ್ತಾಡುತ್ತಿದ್ದವಂತೆ. ಕೋಳಿ ಕೂಗಿದಾಗ ಎರಡೂ ಕಡೆಯಿಂದ ಸವಾರರು ಹೊರಡಬೇಕು, ಭೇಟಿಯಾದಲ್ಲಿ ಗಡಿ. ಫ್ಲಾರೆನ್ಸ್‌ನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಅದು ಹಸಿವಿಗೆ ನಡುರಾತ್ರಿಯೇ ಕೂಗಿತು. ಅವರ ಸವಾರ ಹೆಚ್ಚುಕಡಿಮೆ ಇಡೀ ಕಿಯಾಂತಿ ದಾಟಿಬಿಟ್ಟ. ಮುದುಕಿಯ ಕೋಳಿ ಕೂಗಿದರೆ ಬೆಳಗಾಗುತ್ತೆ ಅಂತ ನಮ್ಮಲ್ಲಿ ನಗುತ್ತೇವೆ, ಅಲ್ಲಿ ಕೋಳಿ ಕೂಗಿ ಸೀಮೆಯೇ ಸಿಕ್ಕಿತು. ನಮ್ಮ ಡ್ರೈವರನ ಮನೆಯಲ್ಲಿ ಅಂಥದ್ದೊಂದು ಹುಂಜ ಇದ್ದಿದ್ದರೆ 9ಕ್ಕಾದರೂ ಬರುತ್ತಿದ್ದ.

ದುಡ್ಡು ವಾಪಸ್ ಕೇಳಿ ನಾಲ್ಕು ಇಮೇಲ್ ಹಾಕಿದೆ. “ಸೇವೆ ನೀಡಲಾಗಿದೆ, ಅತಿಥಿಗಳೇ ಮಧ್ಯದಲ್ಲಿ ಇಳಿದಿದ್ದಾರೆ” ಅಂತ ಒಂದೇ ಉತ್ತರ. ರಿವ್ಯೂ ಬರೆದರೆ ಅದರ ಕೆಳಗೆ “ಅತಿಥಿಗಳು ಕುಡಿದಿದ್ದರು” ಅಂತ ಹಾಕಿದರು. ನೀರು ಕುಡಿದು ಬಂದ ನಮ್ಮವರಿಗೆ ಇದನ್ನು ಓದಿ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಮೊನ್ನೆ ಅದೇ ನಂಬರಿನಿಂದ ವಾಟ್ಸಾಪ್ ಬಂತು. ಹಳೆಯ ಗ್ರಾಹಕರಿಗೆ ಶೇ. 15 ರಿಯಾಯಿತಿಯಂತೆ, ಪ್ರೈವೇಟ್ ಟೂರ್, ಎರಡು ವೈನರಿ. ಯಾವ ಎರಡು ಅಂತ ಕೇಳಿದೆ. ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.