ಇಂಟರ್ವ್ಯೂ ಇಲ್ಲದ ಶಾಲೆಗೂ ಇಂಟರ್ವ್ಯೂ ಬ್ಯಾಚು: ಸೀಟಿಗಾಗಿ ಓಡಾಡುತ್ತಿರುವ ಪಾಲಕರು ಹಣ ಕಟ್ಟುವ ಮೊದಲು ಓದಿ

ಬಸವನಬಾಗೇವಾಡಿ ಕಡೆಯ ರೈತರೊಬ್ಬರು, ಮಗನ ಸೈನಿಕ ಶಾಲೆ ಪ್ರವೇಶ ಪರೀಕ್ಷೆ ಮುಗಿದ ವಾರವೇ ವಿಜಯಪುರದ ಕೋಚಿಂಗ್ ಕ್ಲಾಸೊಂದಕ್ಕೆ 18,000 ರೂಪಾಯಿ ಎಣಿಸಿ ಕೊಟ್ಟರು. "ಪರೀಕ್ಷೆ ಚೊಲೋ ಬರ್ದಾನ್ರೀ. ಆದ್ರ ಇನ್ನ ಇಂಟರ್ವ್ಯೂ ಐತಿ. ಹಳ್ಳಿ ಹುಡುಗೂರು ಅಲ್ಲೇ ಉದುರ್ತಾವು" ಎಂದು ಕ್ಲಾಸಿನವರು ಹೆದರಿಸಿದ್ದರು. ಹುಡುಗ 40 ದಿನ ಅವರ ಹಾಸ್ಟೆಲಿನಲ್ಲಿದ್ದು 120 ಪ್ರಶ್ನೆಗಳಿಗೆ ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡಿದ. ಫಲಿತಾಂಶ ಬಂತು, ಸೀಟು ಹಂಚಿಕೆಯ ಆನ್‌ಲೈನ್ ಕೌನ್ಸೆಲಿಂಗ್ ಆಯಿತು, ವೈದ್ಯಕೀಯ ತಪಾಸಣೆಗೆ ಕರೆಯೂ ಬಂತು. ಇಂಟರ್ವ್ಯೂಗೆ ಮಾತ್ರ ಕರೆ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಸೈನಿಕ ಶಾಲೆಯ ಆಯ್ಕೆಯಲ್ಲಿ ಆ ಹಂತವೇ ಇಲ್ಲ. ತಪಾಸಣೆಯ ದಿನ ಹುಡುಗನ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ಎರಡು ಹಲ್ಲು ಹುಳುಕಾಗಿದ್ದವು. ನಿಜವಾಗಿ ಇದ್ದ ಹಂತಕ್ಕೆ ಯಾರೂ ಅವನನ್ನು ತಯಾರು ಮಾಡಿರಲಿಲ್ಲ.

ಹೀಗಾಗುವುದು ಒಬ್ಬರಿಗಲ್ಲ. ವಿಜಯಪುರದ ಗಲ್ಲಿಗಲ್ಲಿಯಲ್ಲಿ 'ನವೋದಯ, ಸೈನಿಕ, ಮಿಲಿಟರಿ, ಕಿತ್ತೂರು, ಮೊರಾರ್ಜಿ, ಆದರ್ಶ' ಎಂದು ಒಂದೇ ಬೋರ್ಡಿನ ಮೇಲೆ ಸಾಲಾಗಿ ಬರೆದಿರುತ್ತಾರೆ. ಓದುವ ಪಾಲಕರಿಗೆ ಎಲ್ಲವೂ ಒಂದೇ ಥರದ ಪರೀಕ್ಷೆ ಅನ್ನಿಸುತ್ತದೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಸೈನಿಕ ಶಾಲೆಯ 6ನೇ ತರಗತಿಗೆ 300 ಅಂಕದ ಬಹು ಆಯ್ಕೆ ಪರೀಕ್ಷೆ ಇದೆ. ಅದರಲ್ಲಿ ಗಣಿತವೊಂದಕ್ಕೇ 150. ಕನ್ನಡದಲ್ಲೂ ಬರೆಯಬಹುದು. ಆಮೇಲೆ ಕೌನ್ಸೆಲಿಂಗ್, ವೈದ್ಯಕೀಯ ತಪಾಸಣೆ, ದಾಖಲೆ ಪರಿಶೀಲನೆ, ಅಷ್ಟೇ. ನವೋದಯದ 6ನೇ ತರಗತಿಗೆ 80 ಪ್ರಶ್ನೆ, 100 ಅಂಕ, 2 ತಾಸು, ಸಂದರ್ಶನ ಇಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳಲ್ಲೂ ಪರೀಕ್ಷೆ ಮತ್ತು ಮೀಸಲಾತಿಯ ಮೇಲೆ ಸೀಟು. ಇವುಗಳ ಹೆಸರು ಹೇಳಿ ಯಾರಾದರೂ ಇಂಟರ್ವ್ಯೂ ಬ್ಯಾಚು ಅಂದರೆ ಆ ಅಂಗಡಿಯ ಮೆಟ್ಟಿಲು ಇಳಿದು ಬನ್ನಿ.

ಸಂದರ್ಶನ ನಿಜವಾಗಿ ಇರುವುದು ಡೆಹ್ರಾಡೂನಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜಿನಲ್ಲಿ. 8ನೇ ತರಗತಿಗೆ ಪ್ರವೇಶ, ವಯಸ್ಸು ಹನ್ನೊಂದೂವರೆಯಿಂದ 13ರ ಒಳಗೆ. ಗಣಿತ 200, ಇಂಗ್ಲಿಷ್ 125, ಸಾಮಾನ್ಯ ಜ್ಞಾನ 75 ಅಂಕದ ಬರಹ ಪರೀಕ್ಷೆ; ಅದರಲ್ಲಿ ಪಾಸಾದವರಿಗೆ ಮಾತ್ರ 50 ಅಂಕದ ಮೌಖಿಕ. ಮೌಖಿಕದಲ್ಲೂ ಅರ್ಧದಷ್ಟು ಅಂಕ ಬರಲೇಬೇಕು. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಇನ್ನು ನಮ್ಮ ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ. ದೇಶದಲ್ಲಿರುವ ಐದರಲ್ಲಿ ಇದೊಂದು. ಬರಹ ಪರೀಕ್ಷೆಯ ನಂತರ ಅಲ್ಲಿ ಸಂದರ್ಶನಕ್ಕೆ ಕರೆದ ವರ್ಷಗಳಿವೆ, ಹಾಗಾಗಿ ನಿಮ್ಮ ಮಗು ಬರೆಯುವ ವರ್ಷದ ಪ್ರಕಟಣೆಯನ್ನೇ ಕೈಯಲ್ಲಿ ಹಿಡಿದು ಓದಿ. ಕ್ಲಾಸಿನವರು ಕೊಟ್ಟ ಕರಪತ್ರ ಪ್ರಕಟಣೆಯಲ್ಲ. ಇವಲ್ಲದೆ ಕೆಲವು ಖಾಸಗಿ ವಸತಿ ಶಾಲೆಗಳವರು ತಂದೆ-ತಾಯಿಯನ್ನೂ ಕೂರಿಸಿ ಮಾತಾಡಿಸುತ್ತಾರೆ. ಅದರ ವಿಷಯ ಮುಂದೆ ಬರುತ್ತದೆ.

ಸಂದರ್ಶನ ಇರುವ ಕಡೆಯೂ ಆ 120 ಉತ್ತರದ ಪುಸ್ತಕ ಮಾಡುವ ಹಾನಿ ದೊಡ್ಡದು. ಇಂಡಿ ತಾಲೂಕಿನ ಒಬ್ಬ ಹುಡುಗಿ ಬರಹ ಪರೀಕ್ಷೆ ಪಾಸಾಗಿ ಅಂಥದೊಂದು ಶಾಲೆಯ ಸಂದರ್ಶನಕ್ಕೆ ಹೋದಳು. ಮನೆಯಲ್ಲಿ ಲಿಂಬೆ ತೋಟ. ಒಳಗೆ ಕೇಳಿದ ಎರಡನೆಯ ಪ್ರಶ್ನೆ, ನಿಮ್ಮ ತಂದೆ ಏನು ಬೆಳೆಯುತ್ತಾರೆ ಎಂದು. 'ಫಾದರ್' ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, "ಮೈ ಫಾದರ್ ಈಸ್ ಎ ಫಾರ್ಮರ್, ಹೀ ಈಸ್ ದಿ ಬ್ಯಾಕ್‌ಬೋನ್ ಆಫ್ ದಿ ನೇಷನ್" ಎಂದು ಪಾಠ ಶುರುವಾಯಿತು. ನಡುವೆ ತಡೆದು, ಗಿಡ ಎಷ್ಟಿವೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹುಡುಗಿ ಸುಮ್ಮನಾದಳು, ಆಮೇಲೆ ಮತ್ತೆ "ಮೈ ಫಾದರ್ ಈಸ್ ಎ ಫಾರ್ಮರ್" ಎಂದು ಮೊದಲಿನಿಂದ ಆರಂಭಿಸಿದಳು. ಬೇಸಿಗೆಯಲ್ಲಿ ಬೋರ್‌ವೆಲ್ ಎಷ್ಟು ತಾಸು ನೀರೆತ್ತುತ್ತದೆ, ಪೇಟೆಯಲ್ಲಿ ಲಿಂಬೆಯ ಧಾರಣೆ ಯಾವ ತಿಂಗಳು ಏರುತ್ತದೆ ಎಂಬುದೆಲ್ಲ ಆ ಹುಡುಗಿಗೆ ಗೊತ್ತಿತ್ತು. ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ ಗೊತ್ತಿತ್ತು. ಕ್ಲಾಸಿನಲ್ಲಿ ಅದನ್ನು ಹೇಳಬೇಡ ಅಂದಿದ್ದರಂತೆ, 'ಸ್ಟ್ಯಾಂಡರ್ಡ್ ಉತ್ತರ' ಅಲ್ಲವೆಂದು!

ಬಾಯಿಪಾಠ ಕೆಡುವುದು ಹೀಗೇ. ಬಾಯಿಪಾಠದ ಉತ್ತರ ಮಗ್ಗಿ ಇದ್ದಹಾಗೆ, ನಡುವೆ ತಡೆದರೆ ಮೊದಲಿನಿಂದಲೇ ಹೇಳಬೇಕಾಗುತ್ತದೆ. ಮಗು ಪ್ರಶ್ನೆಯನ್ನು ಪೂರ್ತಿ ಕೇಳುವುದಿಲ್ಲ, ಪರಿಚಯದ ಒಂದು ಶಬ್ದಕ್ಕಾಗಿ ಕಾಯುತ್ತದೆ. ಸಿಕ್ಕಿತೋ, ಕೀಲಿ ಕೊಟ್ಟಂತೆ ಉತ್ತರ ಹೊರಡುತ್ತದೆ. ಮೇಲಾಗಿ ಒಂದೇ ಕ್ಲಾಸಿನ ಮೂರು ಮಕ್ಕಳು ಒಂದೇ ದಿನ ಹೋದರೆ ಮೂವರ ಹವ್ಯಾಸವೂ 'ರೀಡಿಂಗ್ ಬುಕ್ಸ್', ಮೂವರ ಆದರ್ಶವೂ ಅಬ್ದುಲ್ ಕಲಾಂ, ವಾಕ್ಯಗಳೂ ಅವೇ. ಎದುರಿಗೆ ಕೂತವರು ಬೆಳಗಿನಿಂದ ಅದನ್ನೇ ಕೇಳಿರುತ್ತಾರೆ. ಅವರು ಅಂಕ ಕೊಡುವುದು ಮೊದಲ ಉತ್ತರಕ್ಕಲ್ಲ, ಅದರ ಬೆನ್ನಿಗೆ ಬರುವ ಎರಡನೆಯ, ಮೂರನೆಯ ಪ್ರಶ್ನೆಗೆ. ಕೊನೆಗೆ ಓದಿದ ಪುಸ್ತಕ ಯಾವುದು? ಅದರಲ್ಲಿ ನಿನಗೆ ಯಾರು ಹಿಡಿಸಲಿಲ್ಲ? ಈ ಎರಡೇ ಪ್ರಶ್ನೆ ಸಾಕು ಅವರಿಗೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಆರು ವಾರ, ದಿನಕ್ಕೆ 20 ನಿಮಿಷ. ಹೆಚ್ಚು ಬೇಡ. ದಿನಕ್ಕೊಂದೇ ವಿಷಯ: ಇವತ್ತು ಮನೆ, ನಾಳೆ ಊರು, ನಾಡಿದ್ದು ಆಟ. ಮಗು ಹೇಳಿದ ಪ್ರತಿ ಉತ್ತರಕ್ಕೂ ಮೂರು ಮರುಪ್ರಶ್ನೆ ಹಾಕಿ: ಯಾಕೆ, ಎಷ್ಟು, ನೀನು ಕಣ್ಣಾರೆ ನೋಡಿದ್ದೇನು? ಮೊದಲ ಎರಡು ವಾರ ಪೂರ್ತಿ ಕನ್ನಡದಲ್ಲೇ ನಡೆಯಲಿ. ಇಲ್ಲೇ ಬಹಳ ಪಾಲಕರು ಅವಸರ ಮಾಡುತ್ತಾರೆ. ಹೇಳುವ ಮಾತು ಕನ್ನಡದಲ್ಲೇ ಸ್ಪಷ್ಟವಿಲ್ಲದ ಮಗುವಿಗೆ ಇಂಗ್ಲಿಷ್ ಕಲಿಸಿದರೆ ಇಂಗ್ಲಿಷಿನಲ್ಲಿ ತಡವರಿಸುತ್ತದೆ, ಅಷ್ಟೇ. ಮೂರನೆಯ ವಾರದಿಂದ ಅದೇ ಮಾತನ್ನು ಮಗು ತನ್ನದೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲಿ. ಒಂದು ಉತ್ತರಕ್ಕೆ ಮೂರು ವಾಕ್ಯ ಸಾಕು. ನೀವು ಉತ್ತರ ಬರೆದುಕೊಡಬೇಡಿ, ತಪ್ಪಿದ ಕ್ರಿಯಾಪದ ತಿದ್ದಿದರೆ ಸಾಕು. ಬಾಯಿಪಾಠ ಮಾಡಿಸಬೇಕಾದ್ದು ಎರಡೇ ವಾಕ್ಯ: "ಸಾರಿ ಸರ್, ಐ ಡೋಂಟ್ ನೋ" ಮತ್ತು "ಪ್ಲೀಸ್ ರಿಪೀಟ್ ದಿ ಕ್ವಶ್ಚನ್, ಸರ್". ಗೊತ್ತಿಲ್ಲ ಅನ್ನಲು ಹೆದರುವ ಮಗು ಊಹೆ ಹೊಡೆಯುತ್ತದೆ, ಊಹೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರುತ್ತದೆ, ಅಲ್ಲಿಂದ ಜಾರುಬಂಡಿ.

ಕೊನೆಯ ಮೂರು ವಾರ, ವಾರಕ್ಕೆ ಎರಡು ಸಲ ಮಗುವನ್ನು ಅಪರಿಚಿತರ ಮುಂದೆ ಕೂರಿಸಿ. ತಂದೆ-ತಾಯಿ, ಟ್ಯೂಷನ್ ಸರ್ ಬೇಡ. ಊರಿನ ಬ್ಯಾಂಕ್ ಮ್ಯಾನೇಜರ್, ಪಶುವೈದ್ಯರು, ರಜೆಗೆ ಬಂದ ಸೈನಿಕರು ಇದ್ದರೆ ಅವರು. ಕೇಳಿಕೊಂಡರೆ ಯಾರೂ ಇಲ್ಲ ಅನ್ನುವುದಿಲ್ಲ. 12ರಿಂದ 15 ನಿಮಿಷ. ಬಾಗಿಲು ತಟ್ಟಿ ಒಳಬರುವುದರಿಂದ ಎದ್ದು ನಮಸ್ಕಾರ ಹೇಳಿ ಹೊರಡುವವರೆಗೆ ಪೂರ್ತಿ ನಡೆಯಬೇಕು. ಕುರ್ಚಿಯ ಬಗ್ಗೆ ಯಾರೂ ಹೇಳುವುದಿಲ್ಲ: ದೊಡ್ಡವರ ಕುರ್ಚಿಯಲ್ಲಿ 11 ವರ್ಷದ ಮಗುವಿನ ಕಾಲು ಕೆಲವೊಮ್ಮೆ ನೆಲಕ್ಕೆ ಮುಟ್ಟುವುದಿಲ್ಲ, ಕಾಲು ತೂಗಾಡಲು ಶುರುವಾಗುತ್ತದೆ, ಜೊತೆಗೆ ಮೈಯೂ. ಕುರ್ಚಿಯ ಮುಂಭಾಗಕ್ಕೆ ಸರಿದು ಕೂತು ಪಾದ ಊರುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬೂಟು ಹೊಸದಾದರೆ ಎರಡು ವಾರ ಮೊದಲೇ ಕೊಂಡು ಹಾಕಿಸಿ, ಹಿಂದಿನ ದಿನ ಕೊಂಡ ಬೂಟು ಹಿಮ್ಮಡಿ ಕಚ್ಚುತ್ತದೆ. ಕೋಟು ಟೈ ಬಾಡಿಗೆಗೆ ತರಬೇಡಿ.

ಸಾಮಾನ್ಯ ಜ್ಞಾನದಲ್ಲಿ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಸೀಮೆಯ ಮಕ್ಕಳಿಗೆ ಬೇರೆ ದೇಶಗಳ ರಾಜಧಾನಿಗಳ ಹೆಸರು ಗೊತ್ತು, ತಾವು ದಾಟಿ ಬಂದ ಹೊಳೆಯ ಹೆಸರು ಗೊತ್ತಿಲ್ಲ. ಸಂದರ್ಶನದಲ್ಲಿ 'ಯಾವ ಊರು' ಎಂಬುದರಿಂದಲೇ ಮಾತು ಶುರುವಾಗುತ್ತದೆ. ಅರ್ಜಿ ಅವರ ಮುಂದೆಯೇ ಇರುತ್ತದೆ. ವಿಜಯಪುರದ ಮಗು ಗೋಳಗುಮ್ಮಟ ಮಸೀದಿ ಎಂದು ಹೇಳಬಾರದು. ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಪಿಸುಮಾತು ಎದುರುಗೋಡೆಗೆ ಯಾಕೆ ಕೇಳುತ್ತದೆ ಎಂದು ಕೇಳಿದರೆ, ದುಂಡನೆಯ ಗೋಡೆ ಶಬ್ದವನ್ನು ಅಂಚಿನಗುಂಟ ಸಾಗಿಸುತ್ತದೆ ಎಂದಾದರೂ ಹೇಳಬೇಕು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಯಿತು, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಆಲಮಟ್ಟಿಯ ಜಲಾಶಯಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರಿದೆ, ಅದರ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಮುಳುಗಿ ನವನಗರ ಎದ್ದಿತು. ಈ ಕೊನೆಯದನ್ನು ಅಜ್ಜ-ಅಜ್ಜಿಯ ಬಾಯಿಂದ ಕೇಳಿಸಿದರೆ ಮಗು ಮರೆಯುವುದಿಲ್ಲ. ಬೆಳಗಾವಿಯ ಮಗುವಿಗೆ ಚೆನ್ನಮ್ಮನ 1824ರ ಕಿತ್ತೂರು, ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ 1831ರ ನಂದಗಡ, 1924ರ ಕಾಂಗ್ರೆಸ್ ಅಧಿವೇಶನ, ಈ ಮೂರೂ ಇಸವಿಗಳ ಹಿಂದಿನ ಕತೆ ಬರಬೇಕು, ಇಸವಿ ಮಾತ್ರ ಅಲ್ಲ. ದಿನಪತ್ರಿಕೆಯ ಒಂದೇ ಸುದ್ದಿ ಸಾಕು ದಿನಕ್ಕೆ, ಯಾರು, ಎಲ್ಲಿ, ಯಾಕೆ ಎಂದು ಕೇಳಿದರಾಯಿತು.

ದಾಖಲೆಯಲ್ಲೂ ಸೀಟು ಹೋಗುತ್ತದೆ. ಹಳ್ಳಿಯಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಜನ್ಮದಿನ ಬರೆಸಿ, ಜನನ ಪ್ರಮಾಣಪತ್ರದಲ್ಲಿ ಬೇರೆಯೇ ತಾರೀಖು ಇರುವವರು ಎಷ್ಟೋ ಮಂದಿ. ಸೈನಿಕ ಶಾಲೆಯ 6ನೇ ತರಗತಿಗೆ ಮಾರ್ಚ್ 31ಕ್ಕೆ ಮಗು 10ರಿಂದ 12 ವರ್ಷದೊಳಗೆ ಇರಬೇಕು. ಒಂದು ದಿನ ಆಚೀಚೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ, ತಂದೆಯ ಹೆಸರು, ಅಡ್ಡಹೆಸರು ಒಂದೇ ಇವೆಯೇ ಎಂದು ಅರ್ಜಿ ಹಾಕುವ ಮೂರು ತಿಂಗಳು ಮೊದಲೇ ನೋಡಿ. ಜಾತಿ, ಆದಾಯ, ವಾಸಸ್ಥಳದ ಪತ್ರಗಳಿಗೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ಗಡಿಯ ಹಳ್ಳಿಗಳವರು ಮಗುವನ್ನು ಮಹಾರಾಷ್ಟ್ರದ ಜತ್ತ ಅಥವಾ ಮಿರಜದ ಶಾಲೆಯಲ್ಲಿ ಓದಿಸುತ್ತಿದ್ದರೆ, ಯಾವ ರಾಜ್ಯದ ಕೋಟಾಕ್ಕೆ ಬರುತ್ತೀರಿ ಎಂಬುದನ್ನು ಪ್ರಕಟಣೆಯಲ್ಲಿ ಎರಡು ಸಲ ಓದಿ. ತಪಾಸಣೆಗೆ ಒಂದು ತಿಂಗಳು ಮೊದಲೇ ಕಿವಿ, ಹಲ್ಲು, ಕಣ್ಣು ತೋರಿಸಿ. ಸರ್ಕಾರಿ ಜಿಲ್ಲಾ ಆಸ್ಪತ್ರೆ ಸಾಕು.

ಖಾಸಗಿ ಶಾಲೆಯವರ 'ಪೇರೆಂಟ್ಸ್ ಇಂಟರ್ವ್ಯೂ' ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು 6ರಿಂದ 14 ವರ್ಷದ ಮಗುವನ್ನಾಗಲೀ ಪಾಲಕರನ್ನಾಗಲೀ ಜರಡಿ ಹಿಡಿದು ಆರಿಸುವುದನ್ನು ನಿಷೇಧಿಸುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡ. ವಂತಿಗೆ ವಸೂಲಿ ಮಾಡಿದರೆ ಅದರ ಹತ್ತು ಪಟ್ಟಿನವರೆಗೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು. ದೂರು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರಹದಲ್ಲೇ ಕೊಡಿ. ಮಗುವನ್ನು ಅದೇ ಶಾಲೆಗೆ ಸೇರಿಸಬೇಕೆಂಬ ಆಸೆಯಿಂದ ಯಾರೂ ದೂರು ಕೊಡುವುದಿಲ್ಲ ಎಂಬುದು ಆ ಶಾಲೆಗಳಿಗೂ ಚೆನ್ನಾಗಿ ಗೊತ್ತು.

ಎಲ್ಲಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ: 'ಒಳಗ ನಮ್ಮವರದಾರ್ರೀ, ಸೀಟು ಆಗಲಿಲ್ಲಂದ್ರ ರೊಕ್ಕ ವಾಪಸ್'. ಕೇಳಲು ನ್ಯಾಯವಾಗಿಯೇ ಇದೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಬ್ಬ 20 ಪಾಲಕರಿಂದ ತಲಾ 50,000 ಇಸಕೊಳ್ಳುತ್ತಾನೆ ಅನ್ನಿ. ಒಳಗೆ ಅವನಿಗೆ ಯಾರೂ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಸ್ವಂತ ಓದಿನಿಂದಲೇ ನಾಲ್ಕು ಮಕ್ಕಳಿಗೆ ಸೀಟು ಸಿಗುತ್ತದೆ. ಉಳಿದ 16 ಮಂದಿಗೆ ಪ್ರಾಮಾಣಿಕನಂತೆ ಹಣ ತಿರುಗಿಸಿದರೂ ಕೈಯಾಡಿಸದೆ 2 ಲಕ್ಷ ಉಳಿಯಿತು. ಹಣ ವಾಪಸು ಪಡೆದವರೇ "ಪಾಪ, ಮಾತಿನ ಮನುಷ್ಯ" ಎಂದು ಮುಂದಿನ ವರ್ಷ ಇನ್ನೊಬ್ಬರನ್ನು ಕಳಿಸುತ್ತಾರೆ. ಅಷ್ಟರಲ್ಲಿ ಆರು ತಿಂಗಳು 10 ಲಕ್ಷ ಅವನ ಕೈಯಲ್ಲಿ ಆಡಿರುತ್ತದೆ.

ಈಗಾಗಲೇ ಹಣ ಕೊಟ್ಟು ಕೂತಿದ್ದರೆ ಸುಮ್ಮನಿರಬೇಡಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಕೋಚಿಂಗ್ ಕೇಂದ್ರಗಳು ರ‍್ಯಾಂಕಿನ, ಅಂಕದ ಗ್ಯಾರಂಟಿ ಕೊಡಬಾರದು, ಕಟ್ಟಿದ ಶುಲ್ಕಕ್ಕೆ ರಸೀದಿ ಕೊಡಬೇಕು ಎನ್ನುತ್ತದೆ. ಅದನ್ನು ಉಲ್ಲೇಖಿಸಿ, ಯಾವ ತಾರೀಖು ಎಷ್ಟು ಕೊಟ್ಟಿರಿ, ಯಾವುದಕ್ಕೆಂದು ಕೊಟ್ಟಿರಿ ಎಂದು ಬರೆದು 15 ದಿನದ ಗಡುವು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಿ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ಹಾಕಬಹುದು. ಫೋನ್‌ಪೇಯಲ್ಲಿ ಕಳಿಸಿ ಆ ಮನುಷ್ಯ ನಾಪತ್ತೆಯಾಗಿದ್ದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಗದಿನಲ್ಲಿ ಕೊಟ್ಟು ರಸೀದಿಯೂ ಇಲ್ಲದವರಿಗೆ ಉಳಿಯುವುದು ವಾಟ್ಸಾಪ್ ಮಾತುಗಳು ಮಾತ್ರ. 'ಸರ್, ನೀವು ಇಂಟರ್ವ್ಯೂ ಬ್ಯಾಚಿಗೆ ತಗೊಂಡ 18,000 ಯಾವಾಗ ಕೊಡ್ತೀರಿ' ಎಂದು ಮೊತ್ತ ನಮೂದಿಸಿಯೇ ಒಂದು ಸಂದೇಶ ಹಾಕಿ, ಅವರು 'ಮುಂದಿನ ವಾರ ನೋಡೋಣ್ರೀ' ಎಂದರೂ ಅದು ಒಪ್ಪಿಕೊಂಡ ಹಾಗೇ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರ ಫೋನಿಗೂ ಕಳಿಸಿಡಿ.