ಡಕ್ಟ್ ಕ್ಲೀನಿಂಗಾ, ಫಿಲ್ಟರಾ, ಪ್ಯೂರಿಫೈಯರಾ? ನಾಲ್ಕು ಚಳಿಗಾಲ, ಒಂದು ಮೂಗು

ಸೀಡರ್ ಅಲರ್ಜಿ ಇರುವ ಮನುಷ್ಯ ಸೀಡರ್ ಪಾರ್ಕ್ ಅನ್ನುವ ಊರಲ್ಲಿ ಮನೆ ಕೊಂಡ ಅಂದರೆ ನಗಬೇಡಿ, ಆ ಮಹಾನುಭಾವ ನಾನೇ. ಟೆಕ್ಸಸ್‌ನ ಆಸ್ಟಿನ್ ಪಕ್ಕದ ಊರು ಇದು. 2020ರಲ್ಲಿ ಮನೆ ತೆಗೆದುಕೊಳ್ಳುವಾಗ ಸ್ಕೂಲ್ ನೋಡಿದೆವು, ಆಫೀಸಿಗೆ ಎಷ್ಟು ದೂರ ಅಂತ ನೋಡಿದೆವು, ಬಾಗಿಲು ಪೂರ್ವಕ್ಕಿದೆಯಾ ಅಂತಲೂ ನೋಡಿದೆವು. ಊರಿನ ಹೆಸರು ಮಾತ್ರ ಯಾರೂ ನೋಡಲಿಲ್ಲ.

ಇಲ್ಲಿಯವರು ಸೀಡರ್ ಅನ್ನುವುದು ನಿಜವಾಗಿ ಸೀಡರ್ ಅಲ್ಲ, ಆಶ್ ಜುನಿಪರ್ ಅನ್ನುವ ಮರ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಂಡು ಮರಗಳು ಪರಾಗ ಬಿಡುತ್ತವೆ. ಒಣಗಾಳಿ ಜೋರಾಗಿ ಬೀಸಿದ ದಿನ ಮರಕ್ಕೆ ಬೆಂಕಿ ಬಿದ್ದು ಹೊಗೆ ಎದ್ದ ಹಾಗೆ ಕಾಣುತ್ತದೆ. ಅದರಿಂದ ಆಗುವ ಫಜೀತಿಗೆ ಸೀಡರ್ ಫೀವರ್ ಅಂತ ಹೆಸರು. ಸಾಮಾನ್ಯವಾಗಿ ಜ್ವರ ಬರುವುದಿಲ್ಲ, ಆದರೆ ಇದರ ಬದಲು ಎರಡು ದಿನ ಜ್ವರ ಬಂದು ಹೋಗಿದ್ದರೇ ವಾಸಿ ಅನ್ನಿಸುತ್ತದೆ. ಬೆಂಗಳೂರಿನಲ್ಲಿದ್ದಾಗ ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡಕ್ಕೆ ಸೀನುತ್ತಿದ್ದವನು ನಾನು. ಇಲ್ಲಿ ಅದರದೇ ಸೂರ್ಯಕಾಂತಿ ಕುಟುಂಬದ ರ‍್ಯಾಗ್‌ವೀಡ್ ಸೆಪ್ಟೆಂಬರ್ ಹೊತ್ತಿಗೆ ಸ್ವಾಗತ ಮಾಡುತ್ತದೆ, ಅದು ಮುಗಿಯುವ ಹೊತ್ತಿಗೆ ಸೀಡರ್ ಬರುತ್ತದೆ. ಇನ್ನು ಮಗಳದು ಬೇರೆ ಕಥೆ. ಅವಳಿಗೆ ಸೀಡರ್ ಏನೂ ಮಾಡುವುದಿಲ್ಲ. ಬೆನ್ನ ಮೇಲೆ ಚುಚ್ಚಿ ಟೆಸ್ಟ್ ಮಾಡಿದಾಗ ಡಸ್ಟ್ ಮೈಟ್, ಅಂದರೆ ದೂಳಿನ ಹುಳದ ಜಾಗದಲ್ಲಿ ಮಾತ್ರ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು.

ಒಂದೇ ಮನೆ, ಎರಡು ಮೂಗು, ಎರಡು ಬೇರೆ ಶತ್ರು. ಇದು ಮೊದಲೇ ತಲೆಗೆ ಹೊಳೆದಿದ್ದರೆ ಒಂದಷ್ಟು ದುಡ್ಡು ಉಳಿಯುತ್ತಿತ್ತು.

ಡಕ್ಟ್ ಕ್ಲೀನಿಂಗ್, ಫಿಲ್ಟರ್, ಪ್ಯೂರಿಫೈಯರ್, ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ ಅಂತ ನಾಲ್ಕು ಚಳಿಗಾಲ ನೋಡಿದೆ. ಅಳತೆಗೋಲು ಏನು ಅಂತ ಕೇಳಬಹುದು. ಸೀನು ಎಣಿಸುವುದು ಆಗದ ಕೆಲಸ. ಮಾತ್ರೆ ಎಣಿಸುವುದು ಸುಲಭ. ಡಿಸೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ನಾನು ಎಷ್ಟು ಸೆಟ್ರಿಜಿನ್ ನುಂಗಿದೆ ಅಂತ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಮೊದಲ ಚಳಿಗಾಲ, ಏನೂ ಮಾಡದೆ ಇದ್ದಾಗ, 81 ಮಾತ್ರೆ. ಒಂದೊಂದು ವರ್ಷ ಪರಾಗ ಜಾಸ್ತಿ, ಒಂದೊಂದು ವರ್ಷ ಕಮ್ಮಿ, ಹಾಗಾಗಿ ಇದು ಲ್ಯಾಬ್ ಲೆಕ್ಕ ಅಲ್ಲ, ಮನೆ ಲೆಕ್ಕ. ಒಂದು ವರ್ಷಕ್ಕೆ ಒಂದೇ ಬದಲಾವಣೆ ಅಂತ ಹಟ ಹಿಡಿದೆ, ಆ ಹಟವನ್ನೂ ಪೂರ್ತಿ ಉಳಿಸಿಕೊಳ್ಳಲಿಲ್ಲ. "ರೀ, ಎಲ್ಲಾ ಒಟ್ಟಿಗೇ ಮಾಡಿಸಿಬಿಡಿ, ಸೀನ್ತಾ ಸೀನ್ತಾ ಏನು ಪ್ರಯೋಗ ನಿಮ್ದು" ಅಂತ ಮನೆಯವಳು ಬೈದಿದ್ದೂ ಇದೆ.

ಮೊದಲು ಡಕ್ಟ್ ಕ್ಲೀನಿಂಗ್. ಡಕ್ಟ್ ಅಂದರೆ ಏಸಿ ಗಾಳಿಯನ್ನು ಇಡೀ ಮನೆಗೆ ಹಂಚುವ ದಪ್ಪ ಪೈಪು, ಅದು ರೂಮಿಗೆ ತೆರೆಯುವ ಬಾಯಿ ವೆಂಟ್. ಅಂಚೆ ಡಬ್ಬಿಗೆ ವಾರಕ್ಕೊಂದು ಕೂಪನ್ ಬರುತ್ತಿತ್ತು, ಇಡೀ ಮನೆಗೆ 99 ಡಾಲರ್ ಅಂತ. ಸರಿ, ಕರೆದೆ. ಬಂದವನ ಕೈಯಲ್ಲಿ ಕಾರ್ ತೊಳೆಯುವ ಕಡೆ ಇರುತ್ತದಲ್ಲ, ಅಂಥ ವ್ಯಾಕ್ಯೂಮ್. ಇಪ್ಪತ್ತು ನಿಮಿಷ ನಾಲ್ಕು ವೆಂಟಿನ ಬಾಯಿ ಗೀಚಿದ. ಆಮೇಲೆ ಫೋನ್ ತೆಗೆದು, ಕಪ್ಪಗೆ ಬೂಷ್ಟು ಹಿಡಿದ ಡಕ್ಟಿನ ಫೋಟೋ ತೋರಿಸಿ, ಇದಕ್ಕೆ ಔಷಧಿ ಹೊಡೆಯದಿದ್ದರೆ ಮಕ್ಕಳಿಗೆ ಅಪಾಯ, 900 ಡಾಲರ್ ಆಗುತ್ತದೆ ಅಂದ. ನಾನು ಹೆದರಿ ಕಾರ್ಡ್ ತೆಗೆಯುವುದರಲ್ಲಿದ್ದೆ. ಮನೆಯವಳು ಫೋಟೋ ನೋಡಿ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ರೀ, ಫೋಟೋದಲ್ಲಿರೋದು ತಗಡಿನ ಡಕ್ಟು. ನಮ್ಮನೇದು ಬೆಳ್ಳಿ ಪೇಪರ್ ಸುತ್ತಿದ ಪೈಪ್ ಅಲ್ವಾ?" ಹೌದು. ಇಲ್ಲಿನ ಎಷ್ಟೋ ಮನೆಗಳ ಹಾಗೆ ನಮ್ಮದೂ ಫ್ಲೆಕ್ಸ್ ಡಕ್ಟ್, ಅಟ್ಟದ ಮೇಲೆ ಹೆಬ್ಬಾವಿನ ಥರ ಮಲಗಿರುತ್ತದೆ. ಯಾರದೋ ಮನೆಯ ಬೂಷ್ಟಿನ ಫೋಟೋ ಅದು. 99 ಕೊಟ್ಟು ಕಳಿಸಿದೆವು. ಅಂದ ಹಾಗೆ ಆ ಔಷಧಿ ವಿಷಯ: ಒಳಗೆ ಫೈಬರ್‌ಗ್ಲಾಸ್ ಪದರ ಇರುವ ಡಕ್ಟುಗಳಿಗೆ ಹೊಡೆಯಲು ಯಾವ ಕ್ರಿಮಿನಾಶಕವನ್ನೂ ಇಲ್ಲಿನ ಪರಿಸರ ಸಂಸ್ಥೆ ಇಪಿಎ ನೋಂದಾಯಿಸಿಲ್ಲ. ಯಾರಾದರೂ ಹೊಡೆಯುತ್ತೇನೆ ಅಂದರೆ ಬಾಗಿಲು ತೋರಿಸಿ.

2021ರ ನವೆಂಬರ್‌ನಲ್ಲಿ ಸರಿಯಾದವರನ್ನು ಹುಡುಕಿದೆ. ಡಕ್ಟ್ ಕ್ಲೀನ್ ಮಾಡುವವರ ಸಂಘ ನ್ಯಾಡ್ಕಾದ ಸದಸ್ಯರು. 580 ಡಾಲರ್. ಇಪಿಎ ಹೇಳುವ ಸಾಮಾನ್ಯ ದರವೇ ಒಂದು ಸಿಸ್ಟಮ್‌ಗೆ 450ರಿಂದ 1000, ಅಂದ ಮೇಲೆ 99ಕ್ಕೆ ಏನು ಸಿಗುತ್ತದೆ ನೀವೇ ಹೇಳಿ. ಇಬ್ಬರು ಬಂದರು, ನಾಲ್ಕು ಗಂಟೆ ಕೆಲಸ. ಎಲ್ಲ ವೆಂಟುಗಳ ಬಾಯಿ ಮುಚ್ಚಿದರು. ಅಟ್ಟದಲ್ಲಿ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್ ಪಕ್ಕ ಆನೆ ಸೊಂಡಿಲಿನಷ್ಟು ದಪ್ಪದ ಹೋಸ್ ಸಿಕ್ಕಿಸಿ ಗಾಳಿ ಎಳೆಯಲು ಬಿಟ್ಟರು. ಆಮೇಲೆ ಒಂದೊಂದೇ ವೆಂಟ್ ತೆರೆದು, ತುದಿಯಲ್ಲಿ ರಬ್ಬರ್ ಬಾಲಗಳಿರುವ ಗಾಳಿ ಚಾಟಿ ಒಳಗೆ ಬಿಟ್ಟು, ದೂಳನ್ನು ಹೋಸಿನ ಕಡೆಗೆ ಓಡಿಸಿದರು. ಫ್ಲೆಕ್ಸ್ ಡಕ್ಟಿಗೆ ಗಟ್ಟಿ ಬ್ರಷ್ ಹಾಕಿದರೆ ಒಳಪದರ ಹರಿಯುತ್ತದೆ ಅಂತ ಅವರೇ ಹೇಳಿದರು. ಬ್ಲೋವರ್ ಮತ್ತು ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಕೂಡ ತೊಳೆದರು. ಕಾಯಿಲ್ ಬಿಟ್ಟು ಬರೀ ಪೈಪ್ ಕ್ಲೀನ್ ಮಾಡಿದರೆ ಪಾತ್ರೆ ತೊಳೆದು ಸೌಟು ಬಿಟ್ಟ ಹಾಗೆ.

ಏನು ಬಂತು ಗೊತ್ತಾ? ಬಿಳೀ ಹುಡಿ, ಅಕ್ಕಿ ಹಿಟ್ಟಿನಷ್ಟು ನುಣ್ಣಗೆ. ಹಳೇ ಮಾಲೀಕರು ಮನೆ ಮಾರುವ ಮುಂಚೆ ಗೋಡೆ ಉಜ್ಜಿಸಿ ಬಣ್ಣ ಹೊಡೆಸಿದ್ದರಂತೆ, ಆಗ ಏಸಿ ಆಫ್ ಮಾಡಿರಲಿಲ್ಲ ಅಂತ ಕಾಣುತ್ತದೆ. ಜೊತೆಗೆ ಮರದ ಹೊಟ್ಟು, ಸತ್ತ ಮಿಡತೆಗಳು, ಯಾರೋ ಕೆಲಸದವನು ಕುಡಿದು ಎಸೆದ ಸೋಡಾ ಕ್ಯಾನ್.

ಮೊದಲ ಎರಡು ವಾರ ಸ್ವರ್ಗ. ಟಿವಿ ಸ್ಟ್ಯಾಂಡ್ ಮೇಲೆ ದೂಳು ಕೂರುವುದು ಎದ್ದು ಕಾಣುವ ಹಾಗೆ ಕಮ್ಮಿಯಾಯಿತು, ಏಸಿ ಹಾಕಿದ ತಕ್ಷಣ ಬರುತ್ತಿದ್ದ ಮಣ್ಣಿನ ವಾಸನೆ ಹೋಯಿತು. ಡಿಸೆಂಬರ್ ಬಂತು, ಸೀಡರ್ ಬಂತು, ಮೂಗು ಮತ್ತೆ ನಲ್ಲಿ. ಆ ಚಳಿಗಾಲದ ಲೆಕ್ಕ 74. ಏಳು ಮಾತ್ರೆಗೆ 580 ಡಾಲರ್. ಮಗಳಿಗಂತೂ ಎಳ್ಳಷ್ಟೂ ವ್ಯತ್ಯಾಸ ಆಗಲಿಲ್ಲ.

ಇಪಿಎ ಹೇಳುವುದೂ ಇದೇ. ಡಕ್ಟ್ ಕ್ಲೀನಿಂಗ್‌ನಿಂದ ಆರೋಗ್ಯದ ತೊಂದರೆ ತಪ್ಪುತ್ತದೆ ಅಂತ ಸಾಬೀತಾಗಿಲ್ಲ, ಸುಮ್ಮನೆ ವರ್ಷವರ್ಷ ಮಾಡಿಸಬೇಡಿ, ಒಳಗೆ ಕಣ್ಣಿಗೆ ಕಾಣುವ ಬೂಷ್ಟಿದ್ದರೆ, ಇಲಿ ಹುಳಹುಪ್ಪಟೆ ಸೇರಿದ್ದರೆ, ಇಲ್ಲಾ ದೂಳು ಕಟ್ಟಿಕೊಂಡು ವೆಂಟಿನಿಂದ ಮನೆಯೊಳಕ್ಕೆ ಉದುರುತ್ತಿದ್ದರೆ ಮಾಡಿಸಿ ಅಂತ. ನಮ್ಮದು ಮೂರನೇ ಕೇಸು. ಹಾಗಾಗಿ ಮಾಡಿಸಿದ್ದಕ್ಕೆ ಬೇಜಾರಿಲ್ಲ. ಹೊಸದಾಗಿ ಹಳೇ ಮನೆ ಕೊಂಡವರು, ಒಳಗೆ ಮರಗೆಲಸ ಗೋಡೆ ಕೆಲಸ ಮಾಡಿಸಿದವರು ಒಂದು ಸಲ ಮಾಡಿಸಿದರೆ ಅರ್ಥ ಇದೆ. ಅದು ಅಲರ್ಜಿಗೆ ಮದ್ದು ಅಂತ ನಂಬಿ ಮಾಡಿಸಿದ್ದು ನನ್ನ ತಪ್ಪು.

ಆದರೆ ಆ 580 ಡಾಲರಿನಲ್ಲಿ ಒಂದು ವಿಷಯ ಪುಕ್ಕಟೆ ಸಿಕ್ಕಿತು. ಹೊರಡುವಾಗ ಅವರಲ್ಲೊಬ್ಬ ಹೇಳಿದ, ನಿಮ್ಮ ರಿಟರ್ನ್, ಅಂದರೆ ಮನೆಯ ಗಾಳಿಯನ್ನು ಏಸಿಗೆ ವಾಪಸ್ ಎಳೆಯುವ ದಾರಿ, ಸೋರುತ್ತಿದೆ, ಇದನ್ನು ಮುಚ್ಚಿಸದಿದ್ದರೆ ಇನ್ನೆರಡು ವರ್ಷಕ್ಕೆ ಮತ್ತೆ ಹೀಗೇ ಆಗುತ್ತದೆ ಅಂತ. ನಾನು ಆಗ ತಲೆ ಆಡಿಸಿ ಮರೆತೆ. ಮುಂದಿನ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ದೇವರ ಮನೆಯಿಂದ ಒಂದು ಊದುಬತ್ತಿ ತಂದು ಹಚ್ಚಿ, ಫ್ಯಾನ್ ಆನ್ ಮಾಡಿ, ಹಾಲ್‌ನ ಗೋಡೆಯಲ್ಲಿರುವ ರಿಟರ್ನ್ ಜಾಲರಿ ತೆಗೆದು, ಫಿಲ್ಟರಿನ ಹಿಂದಿನ ಪೆಟ್ಟಿಗೆಯ ಮೂಲೆಮೂಲೆಗೂ ಹಿಡಿದೆ. ಮೂರು ಕಡೆ ಹೊಗೆ ಅಡ್ಡಕ್ಕೆ ಬಾಗಿತು. ಪೆಟ್ಟಿಗೆಗೂ ಗೋಡೆಗೂ ಮಧ್ಯದ ಸಂದಿಯಿಂದ ಗಾಳಿ ಒಳಕ್ಕೆ ನುಗ್ಗಿ ಹೊಗೆಯನ್ನು ತಳ್ಳುತ್ತಿತ್ತು. ಸಂದಿಯ ಆಚೆ ಅಟ್ಟ. ಅಟ್ಟಕ್ಕೆ ಹೊರಗಿನ ಗಾಳಿ ಆಡಲಿ ಅಂತ ಸೂರಿನ ಕೆಳಗೆ ತೂತುಗಳಿರುತ್ತವೆ. ಅಂದರೆ ಹೊರಗಿನ ಸೀಡರ್ ಪರಾಗ, ಅಟ್ಟದ ಫೈಬರ್‌ಗ್ಲಾಸ್ ದೂಳು, ಎರಡೂ ಫಿಲ್ಟರನ್ನು ದಾಟಿದ ಮೇಲಿನ ಜಾಗದಲ್ಲಿ ಸೇರಿಕೊಂಡು ನೇರವಾಗಿ ಬೆಡ್‌ರೂಮಿಗೆ ಬರುತ್ತಿದ್ದವು. ಮುಂಬಾಗಿಲಿಗೆ ಎರಡು ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಸಾಮಾನ್ಯ ಮನೆಯಲ್ಲಿ ಡಕ್ಟಿನಲ್ಲಿ ಹರಿಯುವ ಗಾಳಿಯ 20ರಿಂದ 30 ಪರ್ಸೆಂಟ್ ಸೋರಿಕೆಯಲ್ಲೇ ಹೋಗುತ್ತದೆ ಅಂತ ಕರೆಂಟ್ ಉಳಿತಾಯದ ಇಲ್ಲಿನ ಸರ್ಕಾರಿ ಯೋಜನೆ ಎನರ್ಜಿ ಸ್ಟಾರ್‌ನವರು ಹೇಳುತ್ತಾರೆ. ಕರೆಂಟ್ ಬಿಲ್ ದೃಷ್ಟಿಯಿಂದ ಹೇಳುವ ಮಾತು ಅದು, ಮೂಗಿಗೂ ಅಷ್ಟೇ ಸಂಬಂಧ ಇದೆ. ಏಸಿ ಮೆಕ್ಯಾನಿಕ್ ಬಂದು ಮ್ಯಾಸ್ಟಿಕ್ ಹಚ್ಚಿದ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದದ ಬೂದು ಪೇಸ್ಟ್, ಬ್ರಷ್‌ನಲ್ಲಿ ಬಳಿಯುತ್ತಾರೆ, ಒಣಗಿದ ಮೇಲೆ ಬಿಡುವುದಿಲ್ಲ. 340 ಡಾಲರ್. ಡಕ್ಟ್ ಟೇಪ್ ಅಂತ ಹೆಸರಿದ್ದರೂ ಆ ಬಟ್ಟೆ ಟೇಪ್ ಡಕ್ಟಿಗೆ ಆಗಿಬರುವುದಿಲ್ಲ, ಅಟ್ಟದ ಸೆಕೆಗೆ ಅಂಟು ಒಣಗಿ ಕಳಚಿಕೊಳ್ಳುತ್ತದೆ. ಹಳೆಯದು ನಮ್ಮನೆಯಲ್ಲಿ ಹಾವಿನ ಪೊರೆ ಥರ ನೇತಾಡುತ್ತಿತ್ತು.

ಅದೇ ವರ್ಷ ಫಿಲ್ಟರ್ ಕೂಡ ಬದಲಾಯಿಸಿದೆ (ಹಟ ಮುರಿದದ್ದು ಇಲ್ಲೇ). ಫಿಲ್ಟರ್ ಎಷ್ಟು ಚೆನ್ನಾಗಿ ಕಣ ಹಿಡಿಯುತ್ತದೆ ಅನ್ನುವುದಕ್ಕೆ ಮರ್ವ್ ಅನ್ನುವ ನಂಬರ್ ಇದೆ, ಜಾಸ್ತಿ ಇದ್ದಷ್ಟೂ ಸಣ್ಣ ಕಣ ಹಿಡಿಯುತ್ತದೆ. ಮೊದಲು ಇದ್ದದ್ದು ಮರ್ವ್ 8. ಹಾಕಿದ್ದು ಮರ್ವ್ 11. ನಿಜ ಹೇಳಬೇಕೆಂದರೆ ಪರಾಗ ಹಿಡಿಯಲು 8 ಕೂಡ ಕೆಟ್ಟದ್ದೇನಲ್ಲ. 3ರಿಂದ 10 ಮೈಕ್ರಾನ್ ಗಾತ್ರದ ಕಣಗಳಲ್ಲಿ ಅದು ಕನಿಷ್ಠ 70 ಪರ್ಸೆಂಟ್ ಹಿಡಿಯಬೇಕು, ಸೀಡರ್ ಪರಾಗ ಅದಕ್ಕಿಂತ ದಪ್ಪ. ನಮ್ಮ ತೊಂದರೆ ನಂಬರಿನದಲ್ಲ. ಫಿಲ್ಟರ್ ಅದರ ಚೌಕಟ್ಟಿನಲ್ಲಿ ಲೊಡಲೊಡ ಅನ್ನುತ್ತಿತ್ತು, ತೆಗೆದು ನೋಡಿದರೆ ಒಂದು ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಗಾಳಿ ಫಿಲ್ಟರಿನ ಮೂಲಕ ಹೋಗದೆ ಪಕ್ಕದಲ್ಲಿ ನುಸುಳಿದ ಗುರುತು ಅದು. 3 ಡಾಲರಿನ ಸ್ಪಂಜಿನ ಪಟ್ಟಿ ಅಂಟಿಸಿದೆ, ಬಿಗಿಯಾಯಿತು. ಮರ್ವ್ 13 ಹಾಕಿದರೆ ಇನ್ನೂ ಸಣ್ಣ ಕಣ ಹಿಡಿಯುತ್ತದೆ, ಆದರೆ ನಮ್ಮದು ಒಂದು ಇಂಚಿನ ತೆಳು ಫಿಲ್ಟರ್, ಬ್ಲೋವರಿಗೆ ಉಸಿರು ಕಟ್ಟಿ ಕಾಯಿಲ್ ಮೇಲೆ ಐಸ್ ಕಟ್ಟಬಹುದು ಅಂತ ಮೆಕ್ಯಾನಿಕ್ ಬೇಡ ಅಂದ. ನಾಲ್ಕು ಇಂಚಿನ ಜಾಗ ಇರುವವರು ಕೇಳಿಕೊಂಡು ಹಾಕಿಸಿ.

ಆ ಚಳಿಗಾಲ 52. ಇದರಲ್ಲಿ ಮ್ಯಾಸ್ಟಿಕ್ ಎಷ್ಟು, ಫಿಲ್ಟರ್ ಎಷ್ಟು ಅಂತ ಬಿಡಿಸಿ ಹೇಳಲಾರೆ. ಬಾಜಿ ಕಟ್ಟು ಅಂದರೆ ಮ್ಯಾಸ್ಟಿಕ್‌ಗೇ ಕಟ್ಟುತ್ತೇನೆ.

ನಾಲ್ಕನೇ ವರ್ಷ ಬೆಡ್‌ರೂಮಿಗೆ ಹೆಪಾ ಪ್ಯೂರಿಫೈಯರ್, 180 ಡಾಲರ್. ಹೆಪಾ ಅಂದರೆ 0.3 ಮೈಕ್ರಾನ್ ಕಣದಲ್ಲಿ 99.97 ಪರ್ಸೆಂಟ್ ಹಿಡಿಯುವ ಫಿಲ್ಟರ್. ಕೊಳ್ಳುವಾಗ ಬಣ್ಣ ಆ್ಯಪ್ ನೋಡಬೇಡಿ, ಸಿಎಡಿಆರ್ ಅನ್ನುವ ನಂಬರ್ ನೋಡಿ, ಅಂದರೆ ಮಿಶಿನು ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಅಂತ. ರೂಮಿನ ಚದರ ಅಡಿಯ ಮೂರರಲ್ಲಿ ಎರಡು ಭಾಗದಷ್ಟಾದರೂ ಅದು ಇರಬೇಕು. 240 ಚದರ ಅಡಿ ರೂಮಿಗೆ 160. ಓಜೋನ್ ಬಿಡುವ ಯಂತ್ರ ಮಾತ್ರ ಬೇಡವೇ ಬೇಡ, ಅದು ಶ್ವಾಸಕೋಶಕ್ಕೇ ಉರಿ. ರಾತ್ರಿ ಮಲಗುವ ಮುಂಚೆ ತಲೆಗೆ ಸ್ನಾನ ಮಾಡುವ ಅಭ್ಯಾಸವನ್ನೂ ಆಗಲೇ ಶುರು ಮಾಡಿದೆ, ಕೂದಲಲ್ಲಿ ಕೂತ ಪರಾಗ ದಿಂಬಿಗೆ ಹೋಗದಿರಲಿ ಅಂತ. ಲೆಕ್ಕ 31ಕ್ಕೆ ಇಳಿಯಿತು. ಅದೇ ಮಿಶಿನನ್ನು ಒಂದು ವಾರ ಹಾಲ್‌ನಲ್ಲಿಟ್ಟು ನೋಡಿದೆ, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಚಟಪಟ ಅಂದ ಕ್ಷಣ ಅದರ ದೀಪ ಕೆಂಪಾಗಿ ವಿಮಾನದ ಹಾಗೆ ಕೂಗಿತು. ನಮ್ಮ ಒಲೆ ಮೇಲಿನ ಚಿಮಣಿ ಹೊಗೆಯನ್ನು ಆಚೆ ಕಳಿಸುವುದಿಲ್ಲ, ಒಳಗೇ ಸುತ್ತಿಸುತ್ತದೆ ಅಂತ ಅವತ್ತು ಗೊತ್ತಾಯಿತು. ಅದು ಇನ್ನೊಂದು ಖರ್ಚು, ಇನ್ನೂ ಮಾಡಿಲ್ಲ.

ಬೆಂಗಳೂರಿನಿಂದ ತಮ್ಮ ಫೋನ್ ಮಾಡಿ, "ಅಣ್ಣಾ, ನಾವೂ ಡಕ್ಟ್ ಕ್ಲೀನ್ ಮಾಡಿಸಬೇಕಾ?" ಅಂದ. ಅವನ ಮನೆಯಲ್ಲಿರುವುದು ಸ್ಪ್ಲಿಟ್ ಏಸಿ. ಅದಕ್ಕೆ ಡಕ್ಟೇ ಇಲ್ಲ ಕಣೋ, ಮುಂದಿನ ಮುಚ್ಚಳ ಎತ್ತಿ ಜಾಲರಿ ಫಿಲ್ಟರ್ ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳಿ, ಸೀಸನ್‌ಗೆ ಮುಂಚೆ ಸರ್ವಿಸ್‌ನವನಿಗೆ ಹೇಳಿ ಒಳಗಿನ ಬ್ಲೋವರ್ ಉರುಳೆಯ ಕಪ್ಪು ತೆಗೆಸು, ಅಷ್ಟೇ ಅಂದೆ. ಟಾರ್ಚ್ ಬಿಟ್ಟು ನೋಡಿ ಅವನು ಕಳಿಸಿದ ಫೋಟೋ ಮಾತ್ರ ನಿಜವಾದ ಬೂಷ್ಟಿನದೇ ಆಗಿತ್ತು.

ಇನ್ನು ಮಗಳು. ಮೇಲೆ ಹೇಳಿದ ಯಾವುದೂ ಅವಳಿಗೆ ನಾಟಲಿಲ್ಲ. ದೂಳಿನ ಹುಳ ಡಕ್ಟಿನಲ್ಲಿ ಸಂಸಾರ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ಉದುರಿಸುವ ಚರ್ಮದ ಹೊಟ್ಟು, ತೇವ, ಬೆಚ್ಚಗಿನ ಜಾಗ, ಅಂದರೆ ಹಾಸಿಗೆ. ಅಲರ್ಜಿ ತರುವ ಅದರ ಹಿಕ್ಕೆ ಭಾರ, ಎದ್ದರೂ ಅರ್ಧ ಗಂಟೆಯೊಳಗೆ ಕೆಳಗೆ ಕೂತುಬಿಡುತ್ತದೆ, ಪ್ಯೂರಿಫೈಯರ್ ಮೂಲೆಯಲ್ಲಿ ಎಷ್ಟು ತಿರುಗಿದರೂ ದಿಂಬಿನೊಳಗಿನದನ್ನು ಎಳೆಯಲಾರದು. ಹಾಸಿಗೆಗೂ ದಿಂಬಿಗೂ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿದೆವು, ಎರಡೂ ಸೇರಿ 60 ಡಾಲರ್. ಚಾದರ, ದಿಂಬಿನ ಕವರ್ ವಾರಕ್ಕೊಮ್ಮೆ 54 ಡಿಗ್ರಿ ಬಿಸಿನೀರಲ್ಲಿ. ರೂಮಿನ ತೇವಾಂಶ 58 ಪರ್ಸೆಂಟ್ ತೋರಿಸುತ್ತಿತ್ತು, ಡಿಹ್ಯುಮಿಡಿಫೈಯರ್ ಇಟ್ಟು 50ರ ಕೆಳಗೆ ತಂದೆವು. ಆರು ವಾರಕ್ಕೆ ಬೆಳಗ್ಗೆ ಎದ್ದು ಹತ್ತು ಸಲ ಸೀನುವುದು ನಿಂತಿತು. ಡಕ್ಟ್ ಕ್ಲೀನಿಂಗಿಗೆ ಕೊಟ್ಟ 580 ಡಾಲರಿನ ಸುಮಾರು ಹತ್ತನೇ ಒಂದು ಭಾಗದ ಕವರ್, ಮನೆಯಲ್ಲಿ ಮಾಡಿದ ಎಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಉಳಿದದ್ದು ಅವಳ ಬೂದು ಆನೆ. ಬಿಸಿನೀರಿಗೆ ಹಾಕಿದರೆ ಕಿವಿ ಕಿತ್ತುಹೋಗುತ್ತದೆ ಅಂತ ಅವಳು ಅಳುತ್ತಾಳೆ. ಹುಳ ಚಳಿಗೂ ಸಾಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಆನೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೀಜರಿಗೆ ಹಾಕುತ್ತೇವೆ, ಭಾನುವಾರ ತೆಗೆದು ತಣ್ಣೀರಲ್ಲಿ ಮೆಲ್ಲಗೆ ತೊಳೆಯುತ್ತೇವೆ. ಊರಿಂದ ಬಂದಿದ್ದ ಅಮ್ಮ ಶನಿವಾರ ಬೆಳಗ್ಗೆ ಚಟ್ನಿಗೆ ಅಂತ ಕಾಯಿತುರಿ ತೆಗೆಯಲು ಫ್ರೀಜರ್ ಬಾಗಿಲು ಎಳೆದು, ಒಂದು ನಿಮಿಷ ಹಾಗೇ ನಿಂತು, "ಲೋ ಮಗಾ, ಇಲ್ಲಿ ಬಾರೋ, ಇದೇನೋ ಇದು?" ಅಂತ ಕೂಗಿದರು.