50 ಗುಂಟೆ ಹುಲ್ಲು, ಎರಡು ಲಾನ್ ಮೋವರ್, ಅಪ್ಪನ ಒಂದು ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಓಡಿಸುತ್ತಿರುವುದು ಜಾನ್ ಡಿಯರ್ ಎಕ್ಸ್570, ಕೂತು ಓಡಿಸುವ ಲಾನ್ ಮೋವರ್, ಡೆಕ್ (ಬ್ಲೇಡ್ ಇರುವ ಅಡಿಭಾಗ) 48 ಇಂಚು. ಸೆಕೆಂಡ್ ಹ್ಯಾಂಡ್. ತಂದಾಗ ಎಂಜಿನ್ ಓಡಿದ ಹೊತ್ತು ತೋರಿಸುವ ಅವರ್ ಮೀಟರ್‌ನಲ್ಲಿ 190 ಗಂಟೆ ಇತ್ತು, ಮೂರು ಸೀಸನ್ ಆದಮೇಲೆ ಈಗ 312. ತುಂಬಾ ಇಷ್ಟವಾಗಿದೆ. ಆದರೆ ಇದಕ್ಕೂ ಮೊದಲು ಹೊಚ್ಚಹೊಸ ಗಾಡಿಯೊಂದನ್ನು ತಂದು ಕೈ ಸುಟ್ಟುಕೊಂಡಿದ್ದೆ. ಎಲ್ಲಿ ಎಡವಿದೆ ಅಂತ ಗೊತ್ತಾಗಲು ಊರಿಂದ ಅಪ್ಪ ಬರಬೇಕಾಯಿತು.

ನಮ್ಮ ಮನೆ ಇರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ, ರಾಲಿಯಿಂದ ಸ್ವಲ್ಪ ಹೊರಗೆ. ಜಾಗ ಒಂದೂಕಾಲು ಎಕರೆ, ನಮ್ಮ ಲೆಕ್ಕದಲ್ಲಿ 50 ಗುಂಟೆ. ಮುಂದುಗಡೆ ಸಪಾಟು, ಹಿಂದೆ ಒಂದು ಸಣ್ಣ ತೊರೆಯ ಕಡೆಗೆ ಇಳಿಜಾರು. ಮಣ್ಣು ಕೆಂಪು ಜೇಡಿ, ಮಳೆ ಬಂದರೆ ಅಂಟು, ಬಿಸಿಲು ಬಂದರೆ ಇಟ್ಟಿಗೆ. ಮೊದಲ ಬೇಸಿಗೆಯಲ್ಲಿ ತಳ್ಳುವ ಮೋವರ್ ಸಾಕು, ವ್ಯಾಯಾಮವೂ ಆಗುತ್ತದೆ ಅಂತ ಜಂಬ ಮಾಡಿದೆ. ಅದರ ಅಗಲ 21 ಇಂಚು. ಹಿಂದಿನ ಇಳಿಜಾರು ಮುಗಿಸುವಷ್ಟರಲ್ಲಿ ಮುಂದಿನದು ಮತ್ತೆ ಬೆಳೆದಿರುತ್ತಿತ್ತು. ಫೆಸ್ಕ್ಯೂ ಹುಲ್ಲು ಏಪ್ರಿಲ್, ಮೇ ತಿಂಗಳಲ್ಲಿ ಹೇಗೆ ಏಳುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು, ವಾರಕ್ಕೆ ಒಂದು ಸಲ ಹೊಡೆದರೂ ಸಾಲದು.

ಹಾಗಾಗಿ ಒಂದು ಶನಿವಾರ ದೊಡ್ಡ ಅಂಗಡಿಗೆ ಹೋದೆ. ಸಾಲಾಗಿ ನಿಲ್ಲಿಸಿದ್ದರು, ಕೆಂಪು, ಹಸಿರು, ಹಳದಿ. ಎಲ್ಲದರ ಬಾನೆಟ್ ಮೇಲೂ ಎಚ್‌ಪಿ ಮತ್ತು ಇಂಚು ದಪ್ಪ ಅಕ್ಷರದಲ್ಲಿತ್ತು, ಬೇರೇನೂ ಇಲ್ಲ. ನಾನೂ ಅದನ್ನೇ ನೋಡಿದೆ. 20ಕ್ಕಿಂತ ಜಾಸ್ತಿ ಎಚ್‌ಪಿ, ಎರಡು ಸಿಲಿಂಡರ್ ಎಂಜಿನ್, ಕಪ್ ಹೋಲ್ಡರ್, ಮೇಲಿಂದ ಡಿಸ್ಕೌಂಟ್. ಇನ್ನೇನು ಬೇಕು ಅಂತ ಕಾರ್ಡ್ ಉಜ್ಜಿ ಮನೆಗೆ ತಂದೆ.

ಎರಡು ವರ್ಷ ಚೆನ್ನಾಗಿತ್ತು. ಮೂರನೇ ಬೇಸಿಗೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಮೊದಲ ಅರ್ಧ ಗಂಟೆ ಏನೂ ತೊಂದರೆ ಇಲ್ಲ, ಆಮೇಲೆ ಇಳಿಜಾರು ಹತ್ತುವಾಗ ಎಂಜಿನ್ ಸದ್ದು ಹಾಗೇ ಇದೆ, ಬ್ಲೇಡ್ ತಿರುಗುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಮುದಿ ಎತ್ತಿನ ಹಾಗೆ ನಿಂತುಬಿಡುತ್ತದೆ. ಒಂದು ಗಂಟೆ ತಣ್ಣಗಾಗಲು ಬಿಟ್ಟರೆ ಮತ್ತೆ ಸರಿ. ನಾನು ಬೆಲ್ಟ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಯೂಟ್ಯೂಬ್‌ನಲ್ಲಿ ಸಿಕ್ಕಿದ್ದೆಲ್ಲ ಮಾಡಿದೆ.

ಆ ವರ್ಷವೇ ಅಪ್ಪ ಬಂದಿದ್ದರು. ತೀರ್ಥಹಳ್ಳಿ ಕಡೆಯವರು, 13 ಎಚ್‌ಪಿಯ ವಿಎಸ್‌ಟಿ ಶಕ್ತಿ ಟಿಲ್ಲರ್ ಹಿಂದೆ ಕೆಸರು ಗದ್ದೆಯಲ್ಲಿ ವರ್ಷಗಟ್ಟಲೆ ನಡೆದವರು. ಮನೆಯ ಜಗಲಿ ಮೇಲೆ ಕುರ್ಚಿ ಹಾಕಿಕೊಂಡು ನನ್ನ ಒದ್ದಾಟ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ, ನಮ್ಮ ಟಿಲ್ಲರ್ 13 ಎಚ್‌ಪಿ, ಗದ್ದೆ ಉಳ್ತದೆ. ನಿಂದು 20ರ ಮೇಲೆ ಅಂತೀಯ, ನಾಲ್ಕು ಹುಲ್ಲು ಹೊಡೆದುಕೊಂಡು ಈ ದಿಬ್ಬ ಹತ್ತಲ್ವಾ?"

ಅದು ಡೀಸೆಲ್, ಇದು ಪೆಟ್ರೋಲ್, ಎರಡನ್ನೂ ಹಾಗೆ ತೂಗಲಿಕ್ಕೆ ಬರುವುದಿಲ್ಲ ಅಂತ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಗಾಡಿಯ ಹಿಂದೆ ಬಗ್ಗಿ ನೋಡುತ್ತಿದ್ದರು.

"ಗೇರ್ ಬಾಕ್ಸ್ ಎಣ್ಣೆ ಯಾವಾಗ ಬದಲಿಸಿದ್ದು?"

ಬದಲಿಸಿರಲಿಲ್ಲ. ಬದಲಿಸಬೇಕು ಅಂತ ಮ್ಯಾನುಯಲ್‌ನಲ್ಲೂ ಇರಲಿಲ್ಲ. ಎಣ್ಣೆ ಇಳಿಸಲು ಒಂದು ಬೋಲ್ಟ್ ಕೂಡ ಇರಲಿಲ್ಲ. ಪೂರ್ತಿ ಸೀಲ್ ಮಾಡಿದ ಡಬ್ಬಿ. "ಎಣ್ಣೆ ಬದಲಿಸಲಿಕ್ಕೆ ಆಗದ ಗೇರ್ ಬಾಕ್ಸ್ ಇಟ್ಟವನು ಇದು ಬಾಳಿಕೆ ಬರಲಿ ಅಂತ ಇಟ್ಟಿದ್ದಲ್ಲ" ಅಂದರು ಅಪ್ಪ.

ಈ ಗಾಡಿಗಳಲ್ಲಿ ಹೆಚ್ಚಿನವು ಹೈಡ್ರೋಸ್ಟ್ಯಾಟಿಕ್. ಅಂದರೆ ಎಂಜಿನ್ ಒಂದು ಪಂಪ್ ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ, ಆ ಎಣ್ಣೆ ಒಂದು ಮೋಟರ್ ತಿರುಗಿಸಿ ಚಕ್ರ ಓಡಿಸುತ್ತದೆ. ಕ್ಲಚ್ ಇಲ್ಲ, ಗೇರ್ ಬದಲಿಸುವ ರಗಳೆ ಇಲ್ಲ, ಪೆಡಲ್ ಎಷ್ಟು ಒತ್ತುತ್ತೀರೋ ಅಷ್ಟು ವೇಗ. ಆದರೆ ಎಲ್ಲ ಭಾರವೂ ಎಣ್ಣೆಯ ಮೇಲೆ. ಇಳಿಜಾರು ಹತ್ತುವಾಗ ಎಣ್ಣೆ ಬಿಸಿಯಾಗುತ್ತದೆ, ಬಿಸಿಯಾದರೆ ತೆಳುವಾಗುತ್ತದೆ, ಒಳಗೆ ಸವೆದಿರುವ ಸಂದಿಗಳಲ್ಲಿ ಸೋರಿಹೋಗುತ್ತದೆ, ಒತ್ತಡ ಸಾಲುವುದಿಲ್ಲ. ಸಪಾಟು ಜಾಗದಲ್ಲಿ ಅದೇ ಹಗುರ ಡಬ್ಬಿ ವರ್ಷಾನುಗಟ್ಟಲೆ ಓಡಬಹುದು. ನನ್ನ ಹಿಂದಿನ ದಿಬ್ಬಕ್ಕೆ ಅದು ಲಾಯಕ್ಕಲ್ಲ.

ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಕೇಳಿ ಅಂದರು. ಕಂಪನಿಯವರು ಸರ್ವಿಸ್ ಸೆಂಟರಿಗೆ ಕಳಿಸಿದರು. ಅವರು ನಾಲ್ಕು ವಾರ ಅಂದರು, ಅದೂ ಮೇ ತಿಂಗಳಲ್ಲಿ! ವಾರಂಟಿ ಮುಗಿದು ಮೂರು ತಿಂಗಳಾಗಿತ್ತು. ಹೊಸ ಟ್ರಾನ್ಸ್‌ಮಿಷನ್, ಅಂದರೆ ಆ ಡಬ್ಬಿ, ಮತ್ತು ಕೂಲಿ ಸೇರಿ ಗಾಡಿಯ ಅರ್ಧ ಬೆಲೆ. ತೊಂದರೆ ಏನು ಅಂತ ಮುಚ್ಚಿಡದೆ ಹೇಳಿ, ಸಪಾಟು ಜಾಗ ಇರುವ ಒಬ್ಬರಿಗೆ ಸಿಕ್ಕಿದಷ್ಟಕ್ಕೆ ಕೊಟ್ಟುಬಿಟ್ಟೆ.

ಎರಡನೇ ಸಲ ಹೊರಟಾಗ ಎಚ್‌ಪಿ ಕಡೆ ಕಣ್ಣು ಹಾಯಿಸಲಿಲ್ಲ. ವಾರಂಟಿಯಲ್ಲಿ ವರ್ಷದ ಪಕ್ಕ ಬರೆದಿರುವ ಗಂಟೆ ನೋಡಿದೆ. ಇದು ನನಗೆ ತಡವಾಗಿ ಹೊಳೆದ ವಿಷಯ. ಜಾನ್ ಡಿಯರನ್ನೇ ತೆಗೆದುಕೊಳ್ಳಿ. ದೊಡ್ಡ ಅಂಗಡಿಗಳಲ್ಲೂ ಸಿಗುವ 100 ಸೀರೀಸ್‌ಗೆ 2 ವರ್ಷ ಅಥವಾ 120 ಗಂಟೆ. ಎಕ್ಸ್300ಕ್ಕೆ 4 ವರ್ಷ, 300 ಗಂಟೆ. ಎಕ್ಸ್500ಕ್ಕೆ 4 ವರ್ಷ, 500 ಗಂಟೆ. ಎಕ್ಸ್700ಕ್ಕೆ 700 ಗಂಟೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಖಲಾಸ್. ಬಣ್ಣ ಒಂದೇ, ಮೇಲಿನ ಜಿಂಕೆಯೂ ಒಂದೇ, ಆದರೆ ಮಾಡಿದವರೇ ಯಾವ ಗಾಡಿಯನ್ನು ಎಷ್ಟು ನಂಬುತ್ತಾರೆ ಅಂತ ಆ ಅಂಕಿ ಹೇಳುತ್ತದೆ, ಅಲ್ವಾ? ನನಗೆ ವರ್ಷಕ್ಕೆ 40 ಗಂಟೆ ಕೆಲಸ. 120 ಗಂಟೆ ಅಂದರೆ ಮೂರೇ ವರ್ಷ. ಅರ್ಧ ಎಕರೆ ಸಪಾಟು ಜಾಗ ಇದ್ದವರಿಗೆ ವರ್ಷಕ್ಕೆ 15 ಗಂಟೆ ಆದರೆ ಹೆಚ್ಚು, ಅವರು 100 ಸೀರೀಸ್ ತಂದು ಹಾಯಾಗಿ ಇರಬಹುದು, ಸುಮ್ನೆ ಜಾಸ್ತಿ ಕೊಡುವುದು ಬೇಡ.

ಝೀರೋ ಟರ್ನ್ ಅನ್ನುವ ಇನ್ನೊಂದು ಬಗೆಯ ಮೋವರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಓಡಿಸಿ ನೋಡಿದೆ, ಮಜಾ ಇದೆ, ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಮರಗಿಡ ಜಾಸ್ತಿ ಇರುವ ಸಪಾಟು ಎರಡು ಎಕರೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಸಾಮಾನ್ಯ ಝೀರೋ ಟರ್ನ್‌ನಲ್ಲಿ ಮುಂದಿನ ಚಕ್ರ ಸುಮ್ಮನೆ ಉರುಳುವಂಥದ್ದು, ತಿರುಗಿಸುವುದು ನಿಲ್ಲಿಸುವುದು ಎಲ್ಲ ಹಿಂದಿನ ಎರಡು ಚಕ್ರದ ಜವಾಬ್ದಾರಿ. ಒದ್ದೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತೋ, ಸ್ಟೀರಿಂಗೂ ಇಲ್ಲ ಬ್ರೇಕೂ ಇಲ್ಲ. ನನ್ನ ಇಳಿಜಾರಿನ ಕೆಳಗೆ ತೊರೆ. ಬೇಡ ಅಂದೆ.

ಅಂದಹಾಗೆ ಇಳಿಜಾರನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ಮಟ್ಟವಾಗಿ ಹತ್ತು ಅಡಿ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ 2.7 ಅಡಿ ಏರಿದರೆ ಅದು 15 ಡಿಗ್ರಿ. ಬಹಳಷ್ಟು ಮ್ಯಾನುಯಲ್‌ಗಳು ಅಲ್ಲಿಗೆ ಗೆರೆ ಎಳೆಯುತ್ತವೆ, ಕೆಲವು 10ಕ್ಕೇ. ನನ್ನದು ಜಾಸ್ತಿ ಕಡೆ 9 ಡಿಗ್ರಿ, ತೊರೆಯ ಅಂಚು ಮಾತ್ರ ಕಡಿದು. ಆ ಅಂಚಿಗೆ ಈಗಲೂ ತಳ್ಳುವ ಮೋವರ್ರೇ. ಕೂತು ಓಡಿಸುವುದಾದರೆ ಇಳಿಜಾರಿನಲ್ಲಿ ಮೇಲೆ ಕೆಳಗೆ ಹೋಗಬೇಕು, ಅಡ್ಡ ಹೋದರೆ ಮಗುಚುವ ಭಯ. ತಳ್ಳುವುದಾದರೆ ಅಡ್ಡ ಹೋಗಬೇಕು, ಇಲ್ಲದಿದ್ದರೆ ಕಾಲು ಜಾರಿ ಬ್ಲೇಡಿಗೆ ಸಿಗುತ್ತದೆ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಓಡಿಸುವ ಫೋಟೋ ಹಾಕುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಬ್ಯಾಟರಿ ಗಾಡಿಯನ್ನೂ ಯೋಚಿಸಿದ್ದೆ. ಗೆಳೆಯನ ಬಳಿ ಈಗೋ ಕಂಪನಿಯದಿದೆ, ಸದ್ದು ಕಡಿಮೆ, ಎಂಜಿನ್ ಎಣ್ಣೆಯ ಕಾಟ ಇಲ್ಲ, ಅವನ ಸಪಾಟು ಎಕರೆಗೆ ಚೆನ್ನಾಗಿದೆ. ಎಂಟು ಹತ್ತು ವರ್ಷದ ನಂತರ ಬ್ಯಾಟರಿ ಬದಲಿಸುವ ಖರ್ಚು ನೆನೆಸಿ ನಾನು ಹಿಂದೆ ಸರಿದೆ. ನನ್ನದು ಹಳೇ ಕಾಲದ ತಲೆ ಅಂತ ಅವನು ನಗುತ್ತಾನೆ.

ಕೊನೆಗೆ ಮನೆಯಿಂದ ಇಪ್ಪತ್ತು ನಿಮಿಷ ದೂರದ ಡೀಲರ್ ಹತ್ತಿರ ಈ ಎಕ್ಸ್570 ಸಿಕ್ಕಿತು. 24 ಎಚ್‌ಪಿ, ಆದರೆ ನಾನು ಕೇಳಿದ್ದು ಅಪ್ಪನ ಪ್ರಶ್ನೆಯನ್ನೇ. ಟ್ರಾನ್ಸ್‌ಮಿಷನ್ ಎಣ್ಣೆ ಬದಲಿಸಬಹುದಾ? ಬದಲಿಸಬಹುದು, ಎಲ್ಲಿಂದ ಇಳಿಸುವುದು ಅಂತ ಬಗ್ಗಿ ತೋರಿಸಿದರು. ಆಮೇಲೆ ಒಂದು ಬೇಡಿಕೆ ಇಟ್ಟೆ, ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ ಅವರ ಅಂಗಡಿ ಹಿಂದಿನ ದಿಬ್ಬ ಹತ್ತಿಸಬೇಕು ಅಂತ. ಡೀಲರ್ ಒಂದು ಕ್ಷಣ ನನ್ನ ಮುಖ ನೋಡಿ, ಈ ಹಿಂದೆ ಯಾವುದೋ ಗಾಡಿಯಲ್ಲಿ ಪೆಟ್ಟು ತಿಂದಿದ್ದೀರಿ ಅಲ್ಲವಾ ಅಂದರು. ಸೆಕೆಂಡ್ ಹ್ಯಾಂಡ್ ನೋಡುವಾಗ ಇದೊಂದನ್ನು ಬಿಡಬೇಡಿ. ತಣ್ಣಗಿದ್ದಾಗ ಎಲ್ಲ ಗಾಡಿಯೂ ಕುದುರೆಯೇ. ಹಾಗೇ ಎಂಜಿನ್ ಆರಿಸಿ, ಪ್ಲಗ್ ವೈರ್ ತೆಗೆದು, ಗ್ಲೌಸ್ ಹಾಕಿಕೊಂಡು ಬ್ಲೇಡನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಸ್ಪಿಂಡಲ್ (ಬ್ಲೇಡ್ ತಿರುಗುವ ಅಚ್ಚು) ಬೇರಿಂಗ್ ಹೋಗಿದೆ ಅಂತ ಅರ್ಥ. ಡೆಕ್ ಅಡಿಯಲ್ಲಿ ತುಕ್ಕು ಎಷ್ಟಿದೆ ಅಂತಲೂ ನೋಡಿ, ಮೇಲಿನ ಬಣ್ಣ ಯಾರು ಬೇಕಾದರೂ ಹೊಡೆಯಬಹುದು.

ಕೊಟ್ಟದ್ದು 4,600 ಡಾಲರ್. ಆ ದುಡ್ಡಿಗೆ ಹೊಸದಾದ ಸಣ್ಣ ಗಾಡಿಯೇ ಬರುತ್ತಿತ್ತು, ಹೆಂಡತಿ ಅದನ್ನು ಇನ್ನೂ ಆಗಾಗ ನೆನಪಿಸುತ್ತಾಳೆ.

ಮೆಚ್ಚಿದ್ದು ಏನು ಅಂದರೆ, ಜುಲೈ ಬಿಸಿಲಲ್ಲೂ ಕೊನೆಯ ಸುತ್ತು ಮೊದಲ ಸುತ್ತಿನ ಹಾಗೇ ಹತ್ತುತ್ತದೆ. ಮನೆ, ಡ್ರೈವ್‌ವೇ ಬಿಟ್ಟರೆ ಹೊಡೆಯಲು ಸುಮಾರು 40 ಗುಂಟೆ ಹುಲ್ಲು, ಒಂದು ಗಂಟೆಯಲ್ಲಿ ಮುಗಿಯುತ್ತದೆ. ನವೆಂಬರಿನಲ್ಲಿ ಎಲೆ ಉದುರಿದಾಗ ಅದರ ಮೇಲೇ ಎರಡು ಸುತ್ತು ಹೊಡೆದರೆ ಪುಡಿ, ಬಾಚುವ ಕೆಲಸ ಇಲ್ಲ. ಕಷ್ಟ ಅಂದರೆ ತೂಕ. ಮಳೆ ಬಂದ ಮರುದಿನ ಇಳಿಸಿದರೆ ನಮ್ಮ ಜೇಡಿ ಮಣ್ಣಿನಲ್ಲಿ ಗಾಡಿ ಜಾಡು ಬೀಳುತ್ತದೆ, ಎರಡು ದಿನ ಕಾಯಲೇಬೇಕು. ಡೆಕ್ 48 ಇಂಚು ಅಗಲ ಇರುವುದರಿಂದ ಉಬ್ಬು ತಗ್ಗಿನಲ್ಲಿ ಅಲ್ಲಲ್ಲಿ ನೆಲ ಬೋಳಾಗುತ್ತದೆ, ಹುಲ್ಲಿನ ಎತ್ತರ ಮೂರೂವರೆ ಇಂಚಿಗೆ ಇಟ್ಟಮೇಲೆ ಅದು ಕಡಿಮೆಯಾಯಿತು. ಬೇಲಿಯ ಗೇಟ್ ಇರುವವರು ಮೊದಲೇ ಅಳೆದುಕೊಳ್ಳಿ, ಪಕ್ಕದಲ್ಲಿ ಹುಲ್ಲು ಉಗುಳುವ ಚ್ಯೂಟ್ ಬೇರೆ ಚಾಚಿಕೊಂಡಿರುತ್ತದೆ.

ಆರೈಕೆ ದೊಡ್ಡ ವಿಷಯ ಅಲ್ಲ, ಮರೆಯಬಾರದು ಅಷ್ಟೆ. ಎಂಜಿನ್ ಎಣ್ಣೆ ವರ್ಷಕ್ಕೊಮ್ಮೆ, ಬ್ಲೇಡ್ ಸಾಣೆ ಸೀಸನ್‌ಗೆ ಎರಡು ಸಲ. ಮೊಂಡು ಬ್ಲೇಡ್ ಹುಲ್ಲನ್ನು ಕೊಯ್ಯುವುದಿಲ್ಲ, ಹರಿಯುತ್ತದೆ, ಮರುದಿನ ತುದಿಯೆಲ್ಲ ಬಿಳಿಚಿಕೊಂಡಿರುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ಚಳಿಗಾಲ ಪೂರ್ತಿ ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ಮಾರ್ಚ್‌ನಲ್ಲಿ ಸ್ಟಾರ್ಟ್ ಆಗಲ್ಲ ಅಂತ ಗೋಳಾಡಬೇಕು. ಡಿಸೆಂಬರಿನಲ್ಲಿ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಜರ್ ಹಾಕಿ ಹತ್ತು ನಿಮಿಷ ಓಡಿಸಿ ನಿಲ್ಲಿಸುತ್ತೇನೆ. 15 ಪರ್ಸೆಂಟ್ ಎಥೆನಾಲ್‌ನ ಪೆಟ್ರೋಲ್ ಅಗ್ಗ ಅಂತ ಹಾಕಬೇಡಿ.

ಕೊಳ್ಳುವುದಿದ್ದರೆ ಹುಲ್ಲಿನ ಕಾಲ ಮುಗಿದ ಮೇಲೆ ಹೋಗಿ. ನಾನು ತಂದದ್ದು ನವೆಂಬರಿನಲ್ಲಿ, ಅರ್ಧ ಗಂಟೆ ಓಡಿಸಲು ಬಿಟ್ಟರು, ಕಾಫಿ ಕೊಟ್ಟರು, ಒಂದು ಜೊತೆ ಬ್ಲೇಡ್ ಸುಮ್ಮನೆ ಕೊಟ್ಟರು. ಏಪ್ರಿಲ್‌ನಲ್ಲಿ ಫಿಲ್ಟರ್ ತರಲು ಹೋದಾಗ ಅದೇ ಡೀಲರಿಗೆ ತಲೆ ಎತ್ತಿ ನೋಡಲೂ ಪುರುಸೊತ್ತು ಇರಲಿಲ್ಲ.